ಹೊರಗಿನ ಆಘಾತವಿಲ್ಲದೆ ಕುಸಿದ ಆರ್ಥಿಕತೆ: ಮಾದರಿ ಕಟ್ಟಿದ ನನ್ನ ಅನುಭವ

ಕಂಪ್ಯೂಟರಿನಲ್ಲಿ ಕಟ್ಟಿದ ಆರ್ಥಿಕತೆಯ ಮಾದರಿಯನ್ನು ಕಳೆದ ತಿಂಗಳು 200 ಸಲ ಓಡಿಸಿ ಮುಗಿಸಿದೆ; ಒಂದೊಂದು ಓಟವೂ ಒಂದು ರನ್. ಸುಮಾರು 140ರಲ್ಲಿ ಆರ್ಥಿಕತೆ ತಾನಾಗಿ ಏರಿತು, ತಾನಾಗಿ ಕುಸಿಯಿತು. ತೈಲದ ಬೆಲೆ ಏರಿಸಲಿಲ್ಲ, ತಂತ್ರಜ್ಞಾನದ ಆಘಾತ ಕೊಡಲಿಲ್ಲ, ಯಾವ ಸಮೀಕರಣದ ಬಾಲಕ್ಕೂ ಶಾಕ್ ಅಂಟಿಸಲಿಲ್ಲ. ಯಾವ ಗಿರಾಕಿ ಯಾವ ಸಂಸ್ಥೆಗೆ ಹೋಗುತ್ತಾನೆ ಎಂಬುದೊಂದೇ ಚೀಟಿ ಎತ್ತಿದಂತೆ ತೀರ್ಮಾನವಾಗುತ್ತದೆ. ಉಳಿದದ್ದೆಲ್ಲ ಸಾಲ, ಬಡ್ಡಿ, ಮರುಪಾವತಿ. ‘ಇದು ಆಗುವ ಕೆಲಸವಲ್ಲ’ ಎಂಬ ಮಾತನ್ನು ನಾಲ್ಕು ವರ್ಷ ಕೇಳಿದ್ದೇನೆ. ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಆರೇಳು ವರ್ಷ ಹೊಟ್ಟೆಪಾಡಿಗೆ ಡಿಎಸ್‌ಜಿಇ ಮಾದರಿಗಳನ್ನೇ (ಇಡೀ ಆರ್ಥಿಕತೆಯನ್ನು ಸಮತೋಲದ ಸಮೀಕರಣಗಳಲ್ಲಿ ಹಿಡಿಯುವ ಮುಖ್ಯವಾಹಿನಿಯ ಮಾದರಿಗಳು) ತಿದ್ದುತ್ತಿದ್ದೆ. ಕೊನೆಯೇ ಇಲ್ಲದ ಭವಿಷ್ಯವನ್ನೆಲ್ಲ ಲೆಕ್ಕ ಹಾಕಿ ಇವತ್ತಿನ ಖರ್ಚು ನಿರ್ಧರಿಸುವ ಒಂದೇ ಒಂದು ಕುಟುಂಬ, ಎಲ್ಲರ ಪರವಾಗಿ ಅದೇ. ಸೊನೆನ್‌ಶೈನ್, ಮ್ಯಾಂಟೆಲ್, ಡೆಬ್ರೂ ಎಂಬ ಅರ್ಥಶಾಸ್ತ್ರಜ್ಞರು 1973–74ರಲ್ಲೇ ಸಾಧಿಸಿ ತೋರಿಸಿದ್ದರು: ಪ್ರತಿಯೊಬ್ಬನೂ ಶುದ್ಧ ವಿವೇಕದಿಂದ ನಡೆದರೂ ಎಲ್ಲರ ಬೇಡಿಕೆ ಕೂಡಿಸಿದಾಗ ಬರುವ ರೇಖೆ ಹೆಚ್ಚುಕಡಿಮೆ ಯಾವ ಆಕಾರಕ್ಕೂ ತಿರುಗಬಹುದು. ಹಾಗಿದ್ದ ಮೇಲೆ ಎಲ್ಲರ ಜಾಗದಲ್ಲಿ ಒಬ್ಬನನ್ನು ಕೂರಿಸಲು ನಮಗೆ ಯಾರು ಅಪ್ಪಣೆ ಕೊಟ್ಟರು? ಒಂದು ಸಭೆಯಲ್ಲಿ ಇದನ್ನೇ ಕೇಳಿದೆ. ಹಿರಿಯರೊಬ್ಬರು ‘ಇಲ್ಲದಿದ್ದರೆ ಲೆಕ್ಕ ಮುಗಿಯೋದಿಲ್ಲ’ ಎಂದರು. ಆ ಉತ್ತರ ಕೇಳಿ ನನಗೆ ನಿದ್ದೆ ಬರಲಿಲ್ಲ. ಮುಂದಿನ ವರ್ಷ ಆ ಕೆಲಸ ಬಿಟ್ಟೆ.

ಮೊದಲ ತೀರ್ಮಾನ ಬ್ಯಾಂಕಿನದು. ಠೇವಣಿದಾರ ತಂದಿಟ್ಟ ಹಣವನ್ನೇ ಬ್ಯಾಂಕ್ ಸಾಲ ಕೊಡುತ್ತದೆ ಎಂಬ ಪಠ್ಯದ ಪಾಠವನ್ನು ಕೋಡಿನೊಳಗೆ ಸೇರಿಸಲೇ ಇಲ್ಲ. ಸಾಲ ಮಂಜೂರಾದ ಗಳಿಗೆಯಲ್ಲೇ ಠೇವಣಿ ಹುಟ್ಟುತ್ತದೆ. ಬ್ಯಾಂಕ್ ಆಫ್ ಇಂಗ್ಲೆಂಡ್ 2014ರ ತನ್ನ ತ್ರೈಮಾಸಿಕ ಪತ್ರಿಕೆಯಲ್ಲಿ ಇದನ್ನು ನೇರವಾಗಿಯೇ ಬರೆಯಿತು. ಬ್ಯಾಂಕಿನ ಲೆಡ್ಜರ್ ಮುಟ್ಟಿದವರಿಗೆ ಇದು ಹೊಸದೇನಲ್ಲ. ನನ್ನ ಕೋಡಿನಲ್ಲಿ ಸಾಲ ಕೊಡುವುದೆಂದರೆ ನಾಲ್ಕು ಸಾಲು: ಸಂಸ್ಥೆಯ ಸಾಲ ಏರಬೇಕು, ಅದೇ ಮೊತ್ತಕ್ಕೆ ಅದರ ಠೇವಣಿ ಏರಬೇಕು, ಬ್ಯಾಂಕಿನ ಆಸ್ತಿ ಏರಬೇಕು, ಹೊಣೆಯೂ (ಕೊಡಬೇಕಾದ ಬಾಕಿ) ಏರಬೇಕು.

ಶುರುವಿಗೆ ಅರ್ಥಶಾಸ್ತ್ರಜ್ಞರಾದ ಗಾಡ್ಲಿ–ಲವೋಯ್ ಅವರ ‘ಸಿಮ್’ ಎಂಬ ಅತಿ ಸರಳ ಮಾದರಿ ಓಡಿಸಿ ನೋಡಿಕೊಂಡೆ. ಸರ್ಕಾರದ ಖರ್ಚು 20, ತೆರಿಗೆ ನೂರಕ್ಕೆ 20, ಆದಾಯ 100ಕ್ಕೆ ಬಂದು ನಿಲ್ಲಬೇಕು, ಕುಟುಂಬಗಳ ಕೈಯಲ್ಲಿ 80 ಉಳಿಯಬೇಕು. ಬಂದು ನಿಂತಿತು. ಇನ್ನು ಸುಲಭ ಅಂದುಕೊಂಡೆ. ಅಲ್ಲಿಂದ ಒಂದು ವರ್ಷ ಪೂರ್ತಿ ನೀರಲ್ಲಿ ಹೋಮ ಮಾಡಿದಂತಾಯಿತು.

ನೂರು ಸಂಸ್ಥೆ, ಸಾವಿರ ಕುಟುಂಬ, ಐದು ಬ್ಯಾಂಕ್, ಒಂದು ಹೆಜ್ಜೆಗೆ ಮೂರು ತಿಂಗಳು. ಮೂಲೆಯಲ್ಲೊಂದು ತಾಳೆ ಅಂಕಣ. ಎಲ್ಲರ ಹಣಕಾಸು ಆಸ್ತಿಯಿಂದ ಎಲ್ಲರ ಹೊಣೆ ಕಳೆದರೆ ಅಲ್ಲಿ ಸದಾ ಸೊನ್ನೆ ಇರಬೇಕು. 31ನೇ ಹೆಜ್ಜೆಯಲ್ಲಿ 0.04 ಕಾಣಿಸಿತು. ದಶಮಾಂಶದ ಗಲಾಟೆ ಇರಬೇಕೆಂದು ಬಿಟ್ಟೆ. 90ಕ್ಕೆ ಬರುವಷ್ಟರಲ್ಲಿ ಅದು 3 ದಾಟಿತ್ತು. ಮೂರು ವಾರ ಹುಡುಕಿದೆ. ಪ್ರತಿ ಖಾತೆಯ ಪ್ರತಿ ಹೆಜ್ಜೆಯನ್ನೂ ಹಾಳೆಗೆ ಇಳಿಸಿ, ಸ್ಕೇಲು ಇಟ್ಟು ಸಾಲುಸಾಲಾಗಿ ನೋಡಿದೆ. ಸಿಕ್ಕಿದ್ದು 17ನೇ ಸಂಸ್ಥೆ. ಅದು ದಿವಾಳಿಯಾದಾಗ ಅದರ ಸಾಲವನ್ನು ಸೊನ್ನೆ ಮಾಡಿದ್ದೆ, ಆದರೆ ಅಷ್ಟು ಮೊತ್ತವನ್ನು ಬ್ಯಾಂಕಿನ ಆಸ್ತಿಯಿಂದಲೂ ಬಂಡವಾಳದಿಂದಲೂ ಕಳೆದಿರಲಿಲ್ಲ. ಸಾಲ ಮುಳುಗಿತ್ತು, ಯಾರ ಗಂಟೂ ಕರಗಿರಲಿಲ್ಲ.

ಇದನ್ನು ಸ್ವಲ್ಪ ಹೆಚ್ಚೇ ಹೇಳಬೇಕು. ಆ ತಪ್ಪು ಇರುವವರೆಗೆ ನನ್ನ ಆರ್ಥಿಕತೆ ಎಷ್ಟು ಓಡಿಸಿದರೂ ಕುಸಿಯುತ್ತಿರಲಿಲ್ಲ. ಒಬ್ಬನ ಸಾಲ ಇನ್ನೊಬ್ಬನ ಆಸ್ತಿ, ಕೂಡಿಸಿದರೆ ಸೊನ್ನೆ, ಆದ್ದರಿಂದ ಖಾಸಗಿ ಸಾಲದ ಗಾತ್ರಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ ಎಂದು ನಾನೇ ವರ್ಷಗಟ್ಟಲೆ ಬರೆದುಕೊಟ್ಟಿದ್ದೆ. ಮೊತ್ತ ಸೊನ್ನೆಯೇ, ಸುಳ್ಳಲ್ಲ. ಆದರೆ ನಷ್ಟ ಯಾರ ಖಾತೆಗೆ ಬೀಳುತ್ತದೆ, ಬಿದ್ದವನು ಮರುದಿನ ಏನು ಮಾಡುತ್ತಾನೆ ಎಂಬುದು ಆ ಸೊನ್ನೆಯಲ್ಲಿ ಕಾಣುವುದಿಲ್ಲ. ಇಷ್ಟು ವರ್ಷ ನಂಬಿದ್ದ ಸಿದ್ಧಾಂತ ನನ್ನದೇ ಕೋಡಿನಲ್ಲಿ ತಪ್ಪಾಗಿ ಕೂತಿದ್ದನ್ನು ಕಂಡಾಗ ಮೈ ಜುಮ್ಮೆಂದಿತು.

ಅದನ್ನು ಸರಿಪಡಿಸಿದ್ದೇ ತಡ, ಉಲ್ಟಾ ಕಾಟ ಶುರುವಾಯಿತು. ಯಾವ ಸೀಡ್ (ಆ ಚೀಟಿ ಎತ್ತುವಿಕೆಯನ್ನು ಶುರು ಮಾಡುವ ಅಂಕಿ) ಕೊಟ್ಟರೂ ಹತ್ತು-ಹನ್ನೆರಡು ಹೆಜ್ಜೆಗೆ ಎಲ್ಲವೂ ನೆಲಕಚ್ಚುತ್ತಿತ್ತು. ಬ್ಯಾಂಕಿನ ಮೇಲೆ ಅನುಮಾನಪಟ್ಟು ನಾಲ್ಕು ತಿಂಗಳು ಕಳೆದೆ. ದೋಷ ಇದ್ದದ್ದು ಸಂಸ್ಥೆಗಳಲ್ಲಿ. ಉತ್ಪಾದನೆ ಹೆಚ್ಚಿದಂತೆ ಸೀಮಾಂತ ವೆಚ್ಚ (ಇನ್ನೊಂದು ವಸ್ತು ಹೆಚ್ಚು ತಯಾರಿಸಲು ತಗಲುವ ಖರ್ಚು) ಏರುತ್ತದೆ ಎಂಬ ಪಠ್ಯದ ರೇಖೆಯನ್ನು ಅಭ್ಯಾಸಬಲದಿಂದ ಹಾಗೇ ಇಟ್ಟುಬಿಟ್ಟಿದ್ದೆ. ಬೇಡಿಕೆ ತುಸು ಅಲ್ಲಾಡಿದರೂ ಬೆಲೆ ಹಾರುತ್ತಿತ್ತು, ಬೆಲೆಯ ಹಿಂದೆ ಲಾಭವೂ ಕುಣಿಯುತ್ತಿತ್ತು. ಆಕ್ಸ್‌ಫರ್ಡಿನ ಹಾಲ್ ಮತ್ತು ಹಿಚ್ ಎಂಬ ಅರ್ಥಶಾಸ್ತ್ರಜ್ಞರು ಉದ್ಯಮಿಗಳನ್ನು ನೇರ ಕೇಳಿ 1939ರಲ್ಲೇ ಬರೆದಿದ್ದರು. ವೆಚ್ಚದ ಮೇಲೆ ಇಷ್ಟು ಲಾಭ ಅಂತ ಸೇರಿಸಿ ಬೆಲೆ ಕಟ್ಟುತ್ತೇವೆ ಎಂದವರೇ ಹೆಚ್ಚು. ಮುಂದೆ ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞ ಅಲನ್ ಬ್ಲೈಂಡರ್ ಸಮೀಕ್ಷೆ ಮಾಡಿದಾಗಲೂ ಸೀಮಾಂತ ವೆಚ್ಚ ಏರುತ್ತದೆ ಎಂದ ಸಂಸ್ಥೆಗಳು ತೀರಾ ಕಡಿಮೆ. ರೇಖೆ ಕಿತ್ತು, ಸಾಮಾನ್ಯ ಉತ್ಪಾದನೆಯ ಸರಾಸರಿ ವೆಚ್ಚದ ಮೇಲೆ ಲಾಭ ಇಟ್ಟು ಬೆಲೆ ಕಟ್ಟಿಸಿದೆ. ಅವತ್ತೇ ಸಂಜೆ ಮಾದರಿ ಉಸಿರಾಡತೊಡಗಿತು.

ದುಡ್ಡಿನ ಮಾತು. ಮೂರು ತಿಂಗಳ ಸಂಬಳ ಸುರಿದು ದೊಡ್ಡ ಯಂತ್ರ ತೆಗೆದುಕೊಂಡೆ, ಬೇಕಿರಲಿಲ್ಲ. ಪೈಥಾನ್ ಲೂಪ್‌ಗಳನ್ನು ಬಿಚ್ಚಿ ಇಡೀ ಲೆಡ್ಜರನ್ನು ಒಂದೇ ಮ್ಯಾಟ್ರಿಕ್ಸ್ ಮಾಡಿದ ಮೇಲೆ ಹಳೆಯ ಲ್ಯಾಪ್‌ಟಾಪೇ ಸುಮಾರು 40 ಪಟ್ಟು ವೇಗವಾಗಿ ಓಡಿಸಿತು. ಬಾಡಿಗೆ ಸರ್ವರನ್ನು ನಿಲ್ಲಿಸಲು ಮರೆತು ಒಂದು ವಾರಕ್ಕೆ ಅರ್ಧ ತಿಂಗಳ ಸಂಬಳ ತೆತ್ತೆ. ಸಂಶೋಧನಾ ಧನಸಹಾಯಕ್ಕೆ ಎರಡು ಸಲ ಅರ್ಜಿ ಹಾಕಿದೆ. ಎರಡು ಸಲವೂ ‘ಸೂಕ್ಷ್ಮ ತಳಹದಿ ಇಲ್ಲ’ ಎಂದು, ಅಂದರೆ ಬಿಡಿ ಜನ, ಬಿಡಿ ಸಂಸ್ಥೆಗಳ ನಡವಳಿಕೆಯಿಂದ ಕಟ್ಟಿದ್ದಲ್ಲ ಎಂದು, ತಿರುಗಿ ಬಂತು. ಒಂದೊಂದು ಸಂಸ್ಥೆಗೆ, ಒಂದೊಂದು ಕುಟುಂಬಕ್ಕೆ ಬೇರೆ ಬೇರೆ ಖಾತೆ ತೆರೆದು ಸಾವಿರದ ನೂರು ಲೆಕ್ಕ ಇಟ್ಟವರಿಗೆ, ಒಂದೇ ಕುಟುಂಬ ಇಟ್ಟುಕೊಂಡವರು ಹೇಳಿದ ಮಾತು ಇದು. ಇವತ್ತಿಗೂ ಆ ಪತ್ರ ನೆನೆದರೆ ಸಿಟ್ಟು ಬರುತ್ತದೆ.

ನಡುವೆ ಬೇಸರ ಕಳೆಯಲು ಭೌತವಿಜ್ಞಾನಿ ಓಲೆ ಪೀಟರ್ಸ್ ಅವರ ನಾಣ್ಯದಾಟ ಓಡಿಸಿದೆ. ತಲೆ ಬಿದ್ದರೆ ಇದ್ದ ಹಣಕ್ಕೆ ನೂರಕ್ಕೆ 50 ಸೇರುತ್ತದೆ, ಬಾಲ ಬಿದ್ದರೆ 40 ಹೋಗುತ್ತದೆ. ನಿರೀಕ್ಷಿತ ಮೌಲ್ಯದ (ಎಲ್ಲ ಸಾಧ್ಯತೆಗಳ ಸರಾಸರಿ) ಪ್ರಕಾರ ಪ್ರತಿ ಸುತ್ತಿಗೂ ನೂರಕ್ಕೆ 5 ಲಾಭ. ಹತ್ತು ಸಾವಿರ ಜನರನ್ನು 100 ಸುತ್ತು ಆಡಿಸಿದೆ. 100 ರೂಪಾಯಿಯಿಂದ ಹೊರಟ ಸಾಧಾರಣ ಆಟಗಾರನ ಬಳಿ ಕೊನೆಗೆ ಉಳಿದದ್ದು ಅರ್ಧ ರೂಪಾಯಿ. ಹೊರಟದ್ದಕ್ಕಿಂತ ಮೇಲೆ ನಿಂತವರು ನೂರಕ್ಕೆ 13–14 ಜನ. ಸರಾಸರಿಯನ್ನು ಎತ್ತಿ ಹಿಡಿದವರು ಬೆರಳೆಣಿಕೆಯಷ್ಟು. ಆಟವೆಂದು ಕೂತದ್ದು ಕೆಲಸಕ್ಕೆ ಬಂತು: ಮರುದಿನವೇ ನನ್ನ ಸಂಸ್ಥೆಗಳಿಂದ ನಿರೀಕ್ಷಿತ ಲಾಭದ ಸೂತ್ರ ಕಿತ್ತೆ. ಈಗ ಅವು ತಮ್ಮ ಹಿಂದಿನ ಆರು ಹೆಜ್ಜೆಯ ಕೈನಗದು ನೋಡಿ ಸಾಲ ಕೇಳುತ್ತವೆ.

ಬ್ಯಾಂಕಿನ ಧೈರ್ಯ ಹೇಗೆ ಏರುತ್ತದೆ, ಇಳಿಯುತ್ತದೆ ಎಂಬುದೇ ಇಡೀ ಮಾದರಿಯ ಜೀವನಾಡಿ. ಹಿಂದೆ ಮುಳುಗಿದ ಸಾಲದ ನೆನಪು ನಿಧಾನವಾಗಿ ಮಾಸುತ್ತದೆ, ಮಾಸಿದಷ್ಟೂ ಕೈ ಸಡಿಲವಾಗುತ್ತದೆ, ಇಷ್ಟು ಹೇಳಬಲ್ಲೆ. ಮಾಸುವ ದರ, ಅದಕ್ಕೆ ಹಾಕಿರುವ ಇನ್ನೊಂದು ಷರತ್ತು ಸದ್ಯ ನನ್ನ ಬಳಿಯೇ ಇರಲಿ. ಎರಡು ವರ್ಷದ ದುಡಿಮೆ ಅದು.

58ನೇ ಸೀಡ್ ನನಗೆ ಅಚ್ಚುಮೆಚ್ಚು. ಅರ್ಥಶಾಸ್ತ್ರಜ್ಞ ಹೈಮನ್ ಮಿನ್ಸ್ಕಿ ವಿಂಗಡಿಸಿದ ಮೂರು ಬಗೆಯ ಸಾಲಗಾರರನ್ನು ಮೂರು ಬಣ್ಣದಲ್ಲಿ ತೋರಿಸಿದ್ದೇನೆ: ಗಳಿಕೆಯಿಂದ ಅಸಲು-ಬಡ್ಡಿ ಎರಡನ್ನೂ ಕಟ್ಟುವವರು ಹಸಿರು, ಬಡ್ಡಿ ಮಾತ್ರ ಕಟ್ಟುವವರು ಹಳದಿ, ಬಡ್ಡಿ ಕಟ್ಟಲೂ ಹೊಸ ಸಾಲ ಎತ್ತುವವರು ಕೆಂಪು. 120ನೇ ಹೆಜ್ಜೆಯ ಹೊತ್ತಿಗೆ ಪರದೆ ಹಳದಿಗೆ ತಿರುಗಿತು. 150ರಿಂದ 170ರವರೆಗೆ ಉತ್ಪಾದನೆಯ ಏರಿಳಿತ ಇಡೀ ರನ್ನಿನಲ್ಲೇ ಕಡಿಮೆ. ರೇಖೆ ನೂಲು ಹಿಡಿದಂತೆ ನೇರ. ಅದೇ ಹೊತ್ತಿನಲ್ಲಿ ಕೆಂಪು ಹರಡುತ್ತಿತ್ತು. 171ರಲ್ಲಿ 63ನೇ ಸಂಸ್ಥೆ ಕಂತು ತಪ್ಪಿಸಿತು. ದೊಡ್ಡ ಸಂಸ್ಥೆಯೂ ಅಲ್ಲ. ಆದರೆ ಅದರ ಬ್ಯಾಂಕಿನ ಬಂಡವಾಳ ಕುಗ್ಗಿತು, ಬ್ಯಾಂಕ್ ಕೈ ಬಿಗಿ ಮಾಡಿತು, ಹೊಸ ಸಾಲದ ಮೇಲೆ ನಿಂತಿದ್ದ ಕೆಂಪು ಸಂಸ್ಥೆಗಳು ಒಂದೊಂದಾಗಿ ಉರುಳಿದವು, ಅವುಗಳ ಕೆಲಸಗಾರರು ಖರ್ಚು ಇಳಿಸಿದ್ದೇ ಹಳದಿಯವು ಕೆಂಪಾದವು. ಒಂಬತ್ತು ಹೆಜ್ಜೆಗೆ ಕಾಲುಭಾಗ ಸಂಸ್ಥೆ ಮುಚ್ಚಿದವು, ಉತ್ಪಾದನೆ ನೂರಕ್ಕೆ ಸುಮಾರು 14 ಇಳಿಯಿತು.

‘ನಿಮಗೆ ಬೇಕಾದ ಸೀಡ್ ಆರಿಸಿಕೊಂಡು ತೋರಿಸ್ತಿದ್ದೀರಿ’ ಎಂದರು ಅದೇ ಹಿರಿಯರು. ‘ಹಾಗಾದರೆ ನೀವೇ ಆರಿಸಿ ಸರ್’ ಎಂದು ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿದೆ. ಹತ್ತು ಅಂಕಿ ಒತ್ತಿದರು. ಏಳು ಕುಸಿದವು. ನಾಲ್ಕನೆಯದು ಕುಸಿಯುವಾಗ ಅವರು ಕನ್ನಡಕ ತೆಗೆದು ಪರದೆಯ ಹತ್ತಿರಕ್ಕೆ ಬಾಗಿದ್ದನ್ನು ನಾನು ಮರೆಯುವುದಿಲ್ಲ. ಮರುವಾರ ಫೈಲ್ ಕೇಳಿದರು, ಕಳಿಸಿದೆ. ಬ್ಯಾಂಕಿನ ಷರತ್ತಿನ ಭಾಗ ಬಿಟ್ಟು.

ಕುಸಿಯದೆ ಉಳಿದ 60 ರನ್‌ಗಳನ್ನು ಈಗ ಬಿಡಿಸಿ ನೋಡುತ್ತಿದ್ದೇನೆ. ಬಹುಪಾಲಿನಲ್ಲಿ ಮೊದಲ 50 ಹೆಜ್ಜೆಯೊಳಗೇ ಒಂದು ಸಣ್ಣ ಸಂಸ್ಥೆ ಮುಳುಗಿ ಬ್ಯಾಂಕನ್ನು ಬೇಗನೆ ಎಚ್ಚರಿಸಿದೆ. ಇನ್ನು ಕೆಲವನ್ನು ಹಿಡಿದು ನಿಲ್ಲಿಸಿದ್ದು ಸರ್ಕಾರದ ಖಾತೆ ಅನ್ನಿಸುತ್ತದೆ: ಆದಾಯ ಇಳಿದಾಗ ತೆರಿಗೆಯೂ ಇಳಿಯುತ್ತದೆ, ಖರ್ಚು ಮಾತ್ರ ನಿಂತಲ್ಲೇ ನಿಂತಿರುತ್ತದೆ. ಖಚಿತ ಮಾಡಿಕೊಳ್ಳಲು ಆ ಖರ್ಚನ್ನು ಅರ್ಧಕ್ಕಿಳಿಸಿ ಮತ್ತೆ ಓಡಿಸುತ್ತಿದ್ದೇನೆ. 30 ಸೀಡ್ ಮುಗಿದಿವೆ, 27 ಕುಸಿದಿವೆ.