ಆಸ್ಟ್ರೇಲಿಯಾದಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವ ಮುನ್ನ: ಖಾಸಗಿ ಶಾಲೆಗೂ ಸರ್ಕಾರದ ಹಣ ಬರುವ ಬಗೆ

ಸಿಡ್ನಿಗೋ ಮೆಲ್ಬರ್ನ್‌ಗೋ ಬಂದಿಳಿದ ಕನ್ನಡ ಕುಟುಂಬಕ್ಕೆ ಬಾಡಿಗೆ ಮನೆ ಸಿಕ್ಕಿದ ಮೇಲೆ ಶುರುವಾಗುವ ಚರ್ಚೆ ಶಾಲೆಯದು. ಸರ್ಕಾರಿ ಶಾಲೆಯೋ, ಕ್ಯಾಥೊಲಿಕ್ ಶಾಲೆಯೋ, ಇಲ್ಲ ಸಾಲವಾದರೂ ಸರಿ ಎಂದು ಇಂಡಿಪೆಂಡೆಂಟ್ ಶಾಲೆಯೋ (ಸ್ವತಂತ್ರವಾಗಿ ನಡೆಯುವ ಖಾಸಗಿ ಶಾಲೆ)? ಈ ಚರ್ಚೆಗೆ ನಮ್ಮವರು ಊರಿನಿಂದಲೇ ಒಂದು ನಂಬಿಕೆಯನ್ನು ಹೊತ್ತು ತಂದಿರುತ್ತಾರೆ: ಸರ್ಕಾರಿ ಶಾಲೆ ಸರ್ಕಾರದ ದುಡ್ಡಿನಲ್ಲಿ ನಡೆಯುತ್ತದೆ, ಖಾಸಗಿ ಶಾಲೆ ಪೋಷಕರ ದುಡ್ಡಿನಲ್ಲಿ ನಡೆಯುತ್ತದೆ, ಫೀಸು ಏರಿದಷ್ಟೂ ಶಾಲೆ ಒಳ್ಳೆಯದು. ಇಲ್ಲಿ ಎರಡನೆಯ ಮಾತು ಹೆಚ್ಚಿನ ಶಾಲೆಗಳ ಮಟ್ಟಿಗೆ ಸುಳ್ಳು. ಮೂರನೆಯದನ್ನು ನಂಬಿ ವರ್ಷ ವರ್ಷ ಹತ್ತಾರು ಸಾವಿರ ಡಾಲರ್ ಸುರಿದವರನ್ನು ನಾನು ಬಲ್ಲೆ.

ಕರ್ನಾಟಕದಲ್ಲಿ ಅನುದಾನಿತ ಶಾಲೆ, ಅನುದಾನರಹಿತ ಶಾಲೆ ಎಂಬ ಗೆರೆ ಸ್ಪಷ್ಟವಾಗಿದೆ. ಅನುದಾನಿತ ಶಾಲೆಯಲ್ಲಿ ಮಂಜೂರಾದ ಹುದ್ದೆಗಳ ಶಿಕ್ಷಕರಿಗೆ ಸರ್ಕಾರ ಸಂಬಳ ಕೊಡುತ್ತದೆ. ಉಳಿದ ಖಾಸಗಿ ಶಾಲೆಗಳು ಫೀಸಿನಲ್ಲೇ ಬದುಕುತ್ತವೆ. ಆಸ್ಟ್ರೇಲಿಯಾದಲ್ಲಿ ಆ ಗೆರೆಯೇ ಇಲ್ಲ. ಇಲ್ಲಿ ಐದು ಮಕ್ಕಳಲ್ಲಿ ಒಂದು ಮಗು ಕ್ಯಾಥೊಲಿಕ್ ಶಾಲೆಯಲ್ಲಿ, ಆರರಲ್ಲಿ ಒಂದು ಇಂಡಿಪೆಂಡೆಂಟ್ ಶಾಲೆಯಲ್ಲಿ ಓದುತ್ತದೆ. ಲಾಭಕ್ಕಾಗಿ ನಡೆಯದೆ ಅನುಮೋದನೆ ಪಡೆದ ಇಂಥ ಶಾಲೆಗಳಿಗೆಲ್ಲ ಪ್ರತಿ ವರ್ಷ ತಲೆಗೆ ಇಷ್ಟು ಎಂದು ಸರ್ಕಾರದ ಆವರ್ತಕ ಅನುದಾನ ಸಲ್ಲುತ್ತದೆ. ಈಜುಕೊಳ, ಹುಟ್ಟುಹಾಕುವ ಸ್ಪರ್ಧೆಯ ದೋಣಿಗಳನ್ನಿಡುವ ದೋಣಿಮನೆ ಇರುವ ಶಾಲೆಗೂ ಸಲ್ಲುತ್ತದೆ, ಹೊರವಲಯದ ಬಡಾವಣೆಯಲ್ಲಿ ಜೋಡಿಸಿಟ್ಟ ತಾತ್ಕಾಲಿಕ ಕೊಠಡಿಗಳ ಶಾಲೆಗೂ ಸಲ್ಲುತ್ತದೆ. ಅನುದಾನ ಪಡೆದ ಮಾತ್ರಕ್ಕೆ ಫೀಸಿಗೆ ಮಿತಿಯೂ ಇಲ್ಲ. ಸಿಡ್ನಿಯ ಕೆಲವು ಶಾಲೆಗಳಲ್ಲಿ 12ನೇ ತರಗತಿಯ ಫೀಸು ವರ್ಷಕ್ಕೆ 50,000 ಡಾಲರ್ ದಾಟಿದೆ.

ಮೂರು ಶೌಚಾಲಯಗಳ ಜಗಳ

ಇದು ಹೀಗೇಕೆ ಎಂದು ಹೊಸಬರು ಕೇಳುವುದು ಸಹಜ. ವಿಕ್ಟೋರಿಯಾ 1872ರಲ್ಲಿ, ನ್ಯೂ ಸೌತ್ ವೇಲ್ಸ್ 1880ರಲ್ಲಿ ಸರ್ಕಾರಿ ಶಿಕ್ಷಣದ ಕಾನೂನು ತಂದವು. ಆ ಕಾಲದಲ್ಲೇ ಚರ್ಚಿನ ಶಾಲೆಗಳಿಗೆ ಸರ್ಕಾರದ ನೆರವು ನಿಂತಿತು. ಮುಂದೆ ಎಂಬತ್ತು ವರ್ಷ ಕ್ಯಾಥೊಲಿಕ್ ಶಾಲೆಗಳು ಹೆಚ್ಚಾಗಿ ಸಂಬಳವಿಲ್ಲದ ಸಂನ್ಯಾಸಿನಿಯರ ದುಡಿಮೆಯ ಮೇಲೆ ನಡೆದವು. ಯುದ್ಧಾನಂತರ ಯುರೋಪಿನಿಂದ ವಲಸೆ ಬಂದವರ ಮಕ್ಕಳು ತುಂಬಿಕೊಂಡಾಗ ಕೊಠಡಿ ಸಾಲದೆ, ಶಿಕ್ಷಕರು ಸಾಲದೆ ಆ ವ್ಯವಸ್ಥೆ ಕುಸಿಯತೊಡಗಿತು.

1962ರ ಜುಲೈನಲ್ಲಿ ನ್ಯೂ ಸೌತ್ ವೇಲ್ಸ್‌ನ ಗೌಲ್ಬರ್ನ್ ಎಂಬ ಊರಿನಲ್ಲಿ ಆ ಬಿಕ್ಕಟ್ಟು ಬೀದಿಗೆ ಬಂತು. ಅಲ್ಲಿನ ಒಂದು ಕ್ಯಾಥೊಲಿಕ್ ಪ್ರಾಥಮಿಕ ಶಾಲೆ ಇನ್ನೂ ಮೂರು ಶೌಚಾಲಯ ಕಟ್ಟಿಸಬೇಕು ಎಂದು ಅಧಿಕಾರಿಗಳು ಹೇಳಿದರು. ಶಾಲೆಯ ಬಳಿ ದುಡ್ಡಿರಲಿಲ್ಲ. ಊರಿನ ಕ್ಯಾಥೊಲಿಕರು ತಮ್ಮ ಎಲ್ಲ ಶಾಲೆಗಳಿಗೂ ಬೀಗ ಹಾಕಿ, ‘ಹಾಗಾದರೆ ನಮ್ಮ ಮಕ್ಕಳನ್ನು ನೀವೇ ಓದಿಸಿ’ ಎಂದು ಸುಮಾರು 2,000 ಮಕ್ಕಳನ್ನು ಸರ್ಕಾರಿ ಶಾಲೆಗಳ ಬಾಗಿಲಿಗೆ ಕರೆತಂದರು. ಜಾಗ ಸಿಕ್ಕಿದ್ದು 640ರಷ್ಟು ಮಕ್ಕಳಿಗೆ. ಮುಷ್ಕರ ವಾರದಲ್ಲೇ ಮುಗಿಯಿತು, ಆದರೆ ಈ ಶಾಲೆಗಳು ಮುಚ್ಚಿದರೆ ಹೊರೆ ಯಾರ ತಲೆಗೆ ಬೀಳುತ್ತದೆ ಎಂಬುದು ಎಲ್ಲರಿಗೂ ಕಂಡಿತು. ಮರುವರ್ಷದ ಚುನಾವಣೆಯಲ್ಲಿ ಪ್ರಧಾನಿ ಮೆಂಜಿಸ್ ಖಾಸಗಿ ಶಾಲೆಗಳನ್ನೂ ಸೇರಿಸಿ ವಿಜ್ಞಾನ ಪ್ರಯೋಗಾಲಯಗಳಿಗೆ ನೆರವಿನ ಭರವಸೆ ಕೊಟ್ಟರು. 1970ರಿಂದ ತಲೆಗಿಷ್ಟು ಎಂಬ ಕೇಂದ್ರದ ಆವರ್ತಕ ಅನುದಾನ ಆರಂಭವಾಯಿತು: ಪ್ರಾಥಮಿಕಕ್ಕೆ 35 ಡಾಲರ್, ಪ್ರೌಢಶಾಲೆಗೆ 50. ಇದು ಸಂವಿಧಾನಕ್ಕೆ ವಿರುದ್ಧ ಎಂದು ಸರ್ಕಾರಿ ಶಾಲೆಗಳ ಪರವಾಗಿದ್ದವರು ಹೈಕೋರ್ಟಿಗೆ ಹೋದರು (ಇಲ್ಲಿ ಹೈಕೋರ್ಟ್ ಎಂದರೆ ದೇಶದ ಸರ್ವೋಚ್ಚ ನ್ಯಾಯಾಲಯ) ಮತ್ತು 1981ರಲ್ಲಿ ಸೋತರು. ಅಲ್ಲಿಂದೀಚೆಗೆ ಕೊಡಬೇಕೋ ಬೇಡವೋ ಎಂಬ ಜಗಳ ತಣ್ಣಗಾಗಿ, ಎಷ್ಟು ಕೊಡಬೇಕು ಎಂಬುದು ಪ್ರತಿ ಚುನಾವಣೆಯ ಜಗಳವಾಗಿದೆ.

ಈಗಿನ ಲೆಕ್ಕ

ಶಾಲೆಗಳ ಅನುದಾನವನ್ನು ಪರಿಶೀಲಿಸಿದ, ಉದ್ಯಮಿ ಡೇವಿಡ್ ಗೊನ್ಸ್ಕಿ ನೇತೃತ್ವದ ಸಮಿತಿಯ ವರದಿಯ ನಂತರ 2013ರಲ್ಲಿ ಬಂದ ಆಸ್ಟ್ರೇಲಿಯನ್ ಎಜುಕೇಷನ್ ಆ್ಯಕ್ಟ್ ಈಗಿನ ಲೆಕ್ಕಕ್ಕೆ ಆಧಾರ. ಒಂದು ಮಗುವಿನ ಓದಿಗೆ ವರ್ಷಕ್ಕೆ ಇಷ್ಟು ಬೇಕು ಎಂದು ಮೊದಲು ಒಂದು ಮೊತ್ತ ನಿಗದಿಯಾಗುತ್ತದೆ. ಇದಕ್ಕೆ ಸ್ಕೂಲಿಂಗ್ ರಿಸೋರ್ಸ್ ಸ್ಟ್ಯಾಂಡರ್ಡ್ ಎಂದು ಹೆಸರು, ಎಲ್ಲರೂ ಎಸ್‌ಆರ್‌ಎಸ್ ಎನ್ನುತ್ತಾರೆ. 2024ರಲ್ಲಿ ಇದರ ಮೂಲ ಮೊತ್ತ ಪ್ರಾಥಮಿಕ ಶಾಲೆಯ ಮಗುವಿಗೆ 13,557 ಡಾಲರ್, ಪ್ರೌಢಶಾಲೆಯ ಮಗುವಿಗೆ 17,036 ಡಾಲರ್ ಇತ್ತು. ವರ್ಷ ವರ್ಷ ಇದು ಏರುತ್ತದೆ.

ಸರ್ಕಾರಿ ಶಾಲೆಗೆ ಈ ಮೂಲ ಮೊತ್ತದಲ್ಲಿ ಕಡಿತವಿಲ್ಲ. ಕ್ಯಾಥೊಲಿಕ್, ಇಂಡಿಪೆಂಡೆಂಟ್ ಶಾಲೆಗಳಿಗೆ ಮಾತ್ರ ‘ನಿಮ್ಮ ಪೋಷಕರಿಗೆ ಕೊಡುವ ಶಕ್ತಿ ಇದೆಯಲ್ಲ’ ಎಂದು ಶೇ 10ರಿಂದ ಶೇ 80ರವರೆಗೆ ಕತ್ತರಿ ಬೀಳುತ್ತದೆ. ಪೋಷಕರ ಆದಾಯ ನೋಡಿ ಶಾಲೆಗೊಂದು ಅಂಕ ಕೊಟ್ಟಿರುತ್ತಾರೆ, ಅದು 93 ಅಥವಾ ಕಡಿಮೆ ಇದ್ದರೆ ಶೇ 10ರಷ್ಟೇ ಕಡಿತ, 125 ಮುಟ್ಟಿದರೆ ಶೇ 80. ವಿಶೇಷ ಶಾಲೆಗಳಿಗೆ, ಮೂಲನಿವಾಸಿ ಮಕ್ಕಳೇ ಹೆಚ್ಚಿರುವ ಶಾಲೆಗಳಿಗೆ ಈ ಕತ್ತರಿ ಇಲ್ಲ. ಉಳಿದ ಮೊತ್ತದಲ್ಲಿ ಶೇ 80ರಷ್ಟನ್ನು ಕೇಂದ್ರ ಕೊಡುತ್ತದೆ, ಮಿಕ್ಕದ್ದು ರಾಜ್ಯದ ಪಾಲು.

ಮಧ್ಯಮ ವರ್ಗದವರಿರುವ ಬಡಾವಣೆಯ ಒಂದು ಪ್ರಾಥಮಿಕ ಶಾಲೆಗೆ ಅರ್ಧದಷ್ಟು ಕಡಿತ ಎಂದುಕೊಳ್ಳಿ. 2024ರ ದರದಲ್ಲಿ ಉಳಿಯುವುದು ಸುಮಾರು 6,778 ಡಾಲರ್. ಅದರಲ್ಲಿ ಕೇಂದ್ರದ್ದು 5,423. ಅಂದರೆ ನೀವು ಫೀಸು ಕಟ್ಟುವ ಮುನ್ನವೇ ನಿಮ್ಮ ಮಗುವಿನ ಹೆಸರಿನಲ್ಲಿ ಅಷ್ಟು ಹಣ ಬಂದಾಗಿದೆ. ಶ್ರೀಮಂತರ ಶಾಲೆಗೆ ಶೇ 80 ಕಡಿತವಾದರೂ ಕೇಂದ್ರದಿಂದ ತಲೆಗೆ ಎರಡು ಸಾವಿರ ಡಾಲರಿಗೂ ಮಿಗಿಲಾಗಿ ಬರುತ್ತದೆ.

ಸರ್ಕಾರಿ ಶಾಲೆಗಳ ಲೆಕ್ಕ ತಲೆಕೆಳಗು. ಅಲ್ಲಿ ದೊಡ್ಡ ಪಾಲು ರಾಜ್ಯದ್ದು, ಕೇಂದ್ರದ್ದು ಶೇ 20ರಷ್ಟು. ರಾಜ್ಯಗಳು ತಮ್ಮ ಪಾಲನ್ನು ಪೂರ್ತಿ ಕೊಡದೆ ಬಹುಪಾಲು ಸರ್ಕಾರಿ ಶಾಲೆಗಳು ಎಸ್‌ಆರ್‌ಎಸ್‌ಗಿಂತ ಕೆಳಗೇ ಉಳಿದವು; ಖಾಸಗಿಯವು ಹೆಚ್ಚಾಗಿ ತಮ್ಮ ಪಾಲು ತಲುಪಿದವು, ಕೆಲವು ಮೀರಿದವು. ಮೀರಿದವುಗಳನ್ನು 2029ರ ಹೊತ್ತಿಗೆ ಕೆಳಗಿಳಿಸಬೇಕು, ಸರ್ಕಾರಿ ಶಾಲೆಗಳಿಗೆ ಕೇಂದ್ರದ ಪಾಲು 2034ರ ಹೊತ್ತಿಗೆ ಶೇ 25ಕ್ಕೆ ಏರಬೇಕು ಎಂಬುದು ಈಗಿನ ಯೋಜನೆ. ಬಡ ಬಡಾವಣೆಯ ಸರ್ಕಾರಿ ಶಾಲೆ ಕಾಯಬೇಕು, ದೋಣಿಮನೆಯ ಶಾಲೆ ಕಾಯಬೇಕಿಲ್ಲ ಎಂಬ ಈ ಕ್ರಮ ನನಗೆ ಸರಿ ಕಾಣುವುದಿಲ್ಲ. ಆದರೆ ಅದಕ್ಕಾಗಿ ಪಕ್ಕದ ಬೀದಿಯ ಕ್ಯಾಥೊಲಿಕ್ ಶಾಲೆಯ ಮೇಲೆ ಕೋಪ ಮಾಡಿಕೊಂಡು ಫಲವಿಲ್ಲ. ಅದರ ಫೀಸು ಕೈಗೆಟಕುವಂತೆ ಇರುವುದೇ ಈ ಹಣದಿಂದ.

ಶಾಲೆಯಿಂದ ಬರುವ ಎರಡು ಕಾಗದಗಳು

‘ನಿಮ್ಮ ಹೆಸರು, ವಿಳಾಸವನ್ನು ಕೇಂದ್ರ ಶಿಕ್ಷಣ ಇಲಾಖೆಗೆ ಕಳಿಸುತ್ತಿದ್ದೇವೆ’ ಎಂಬ ಸೂಚನೆ ಖಾಸಗಿ ಶಾಲೆಯಿಂದ ಬಂದರೆ ಹೊಸಬರು ಗಾಬರಿಯಾಗುತ್ತಾರೆ. ತೆರಿಗೆಯವರು ಹಿಂದೆ ಬಿದ್ದರೇ, ವೀಸಾಕ್ಕೆ ತೊಂದರೆಯೇ ಎಂದು ರಾತ್ರಿ ಹತ್ತಕ್ಕೆ ನನಗೆ ಫೋನ್ ಮಾಡಿದವರಿದ್ದಾರೆ. ಗಾಬರಿ ಬೇಡ. ಮೇಲೆ ಹೇಳಿದ ಅಂಕವನ್ನು 2001ರಿಂದ ಪೋಷಕರು ವಾಸಿಸುವ ಪ್ರದೇಶದ ಜನಗಣತಿ ಅಂಕಿಅಂಶ ನೋಡಿ ನಿರ್ಧರಿಸುತ್ತಿದ್ದರು. ಸಾಧಾರಣ ಬಡಾವಣೆಯಲ್ಲಿ ಮನೆ ಮಾಡಿದ ವೈದ್ಯರೂ ಆ ಲೆಕ್ಕದಲ್ಲಿ ಸಾಧಾರಣ ಆದಾಯದವರೇ. ಮೈಕಲ್ ಚೇನಿ ಅಧ್ಯಕ್ಷತೆಯ, ಶಾಲೆಗಳ ಅನುದಾನ ಪರಿಶೀಲಿಸುವ ಮಂಡಳಿ 2018ರಲ್ಲಿ ಇದನ್ನು ತಿದ್ದಲು ಹೇಳಿತು. 2020ರಿಂದ ಪೋಷಕರ ನಿಜವಾದ ಆದಾಯದ ಮಧ್ಯಮ ಮೌಲ್ಯವನ್ನು ಬಳಸತೊಡಗಿದರು. ಹೆಸರು, ವಿಳಾಸವನ್ನು ತೆರಿಗೆ ದಾಖಲೆಯೊಂದಿಗೆ ಹೊಂದಿಸುವುದು ಅಂಕಿಅಂಶ ಇಲಾಖೆ. ಶಾಲೆಗೆ ನಿಮ್ಮ ಸಂಬಳ ತಿಳಿಯುವುದಿಲ್ಲ, ನಿಮ್ಮ ಫೀಸೂ ಅದರಿಂದ ಬದಲಾಗುವುದಿಲ್ಲ. ಮನೆ ಬದಲಿಸಿದಾಗ ಹೊಸ ವಿಳಾಸವನ್ನು ಶಾಲೆಗೆ ತಿಳಿಸಿ, ಅಷ್ಟೇ.

ಎರಡನೆಯದು ದಾಖಲಾತಿ ಅರ್ಜಿ. ಅದರಲ್ಲಿ ಮನೆಯಲ್ಲಿ ಆಡುವ ಭಾಷೆ, ತಂದೆ ತಾಯಿಯ ಓದು, ಉದ್ಯೋಗ ಕೇಳಿರುತ್ತದೆ. ಇಂಗ್ಲಿಷ್ ಎಂದು ಬರೆದರೆ ಮಗುವಿಗೆ ಒಳ್ಳೆಯದೇನೋ ಎಂದು ಕೆಲವರು ಕನ್ನಡವನ್ನು ಮರೆಮಾಚುತ್ತಾರೆ. ಕನ್ನಡ ಎಂದೇ ಬರೆಯಿರಿ. ಭಾಷೆಯ ನೆರವು ಬೇಕಾದರೆ ಅಲ್ಲಿಂದಲೇ ತಿಳಿಯುವುದು. ಇಂಗ್ಲಿಷ್ ಕಡಿಮೆ ಬರುವ ಮಕ್ಕಳಿಗೆಂದು ಎಸ್‌ಆರ್‌ಎಸ್‌ಗೆ ಹತ್ತನೇ ಒಂದು ಪಾಲು ಸೇರುತ್ತದೆ, ಆದರೆ ಪೋಷಕರಲ್ಲಿ ಒಬ್ಬರಾದರೂ 9ನೇ ತರಗತಿ ದಾಟದಿದ್ದರೆ ಮಾತ್ರ. ಬೆಂಗಳೂರಿನ ಎಂಜಿನಿಯರ್ ದಂಪತಿಯ ಮಗು ಆ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮವರು ನಿಜಕ್ಕೂ ಎಡವುವುದು ಮಗುವಿನ ತೊಂದರೆಯನ್ನು ಮುಚ್ಚಿಡುವಲ್ಲಿ. ಮಾತು ತಡವಾಗಿದೆ, ಓದಿನಲ್ಲಿ ಅಕ್ಷರ ಕಲಸಿಹೋಗುತ್ತದೆ, ಆಟಿಸಂ ಇದೆ ಎಂದು ಗೊತ್ತಿದ್ದೂ ‘ಹೇಳಿದರೆ ಸೀಟು ಕೊಡುವುದಿಲ್ಲ’ ಎಂದು ಸುಮ್ಮನಾಗುತ್ತಾರೆ. ಊರಿನ ಅನುಭವ ಹಾಗೆ ಮಾಡಿಸುತ್ತದೆ, ಅವರನ್ನು ದೂರಲಾರೆ. ಇಲ್ಲಿ ಅಂಥ ಮಗುವಿಗೆ ಶಾಲೆ ಏನೇನು ಹೊಂದಾಣಿಕೆ ಮಾಡುತ್ತಿದೆ ಎಂಬುದನ್ನು ಪ್ರತಿ ವರ್ಷ ದಾಖಲಿಸಲಾಗುತ್ತದೆ. ಕನಿಷ್ಠ ಹತ್ತು ವಾರದ ಹೊಂದಾಣಿಕೆಗೆ ಪುರಾವೆ ಇದ್ದರೆ ನೆರವಿನ ಮಟ್ಟಕ್ಕೆ ತಕ್ಕಂತೆ ಹೆಚ್ಚುವರಿ ಹಣ ಬರುತ್ತದೆ: ಪ್ರಾಥಮಿಕ ಶಾಲೆಯಲ್ಲಿ ಮೂಲ ಮೊತ್ತದ ಶೇ 42, ಶೇ 146 ಅಥವಾ ಶೇ 312. ಈ ಹಣಕ್ಕೆ ಪೋಷಕರ ಆದಾಯದ ಕತ್ತರಿಯೂ ಬೀಳುವುದಿಲ್ಲ. ಅದು ಶಾಲೆಗೆ ಬರುವ ಹಣ, ನಿಮ್ಮ ಮಗುವಿನ ಖಾತೆಗಲ್ಲ, ಸರಿ. ಆದರೂ ವೈದ್ಯರ ವರದಿ ನಿಮ್ಮ ಬೀರುವಿನಲ್ಲಿದ್ದರೆ ಯಾರಿಗೆ ಏನು ಉಪಯೋಗ? ವರದಿಯ ಪ್ರತಿಯನ್ನು ಶಾಲೆಗೆ ಕೊಡಿ, ಈ ವರ್ಷ ಯಾವ ಮಟ್ಟದಲ್ಲಿ ದಾಖಲಿಸಿದ್ದೀರಿ, ಏನು ನೆರವು ಕೊಡುತ್ತೀರಿ ಎಂದು ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಫೀಸು ಕಟ್ಟುವ ಮುನ್ನ

ಸಂಬಂಧಿಕರು ಹೇಳಿದ್ದನ್ನು ಪಕ್ಕಕ್ಕಿಟ್ಟು, ‘ಮೈ ಸ್ಕೂಲ್’ ಎಂಬ ಸರ್ಕಾರಿ ಜಾಲತಾಣದಲ್ಲಿ ಶಾಲೆಯ ಹೆಸರು ಹುಡುಕಿ. ಎಲ್ಲರೂ ನ್ಯಾಪ್ಲಾನ್ ಎಂಬ ರಾಷ್ಟ್ರೀಯ ಪರೀಕ್ಷೆಯ ಅಂಕಗಳಿಗೆ ಹಾರುತ್ತಾರೆ. ನೀವು ಹಣಕಾಸಿನ ಪುಟ ತೆರೆಯಿರಿ. ಕೇಂದ್ರದಿಂದ ಬಂದದ್ದು, ರಾಜ್ಯದಿಂದ ಬಂದದ್ದು, ಫೀಸು ಮತ್ತು ಪೋಷಕರ ವಂತಿಗೆ, ಇತರ ಖಾಸಗಿ ಮೂಲ ಎಂದು ಸಾಲಾಗಿ ಇರುತ್ತದೆ. ಕಟ್ಟಡಕ್ಕೆ, ಸಾಲ ತೀರಿಸಲು ಎತ್ತಿಟ್ಟದ್ದನ್ನು ಕಳೆದು, ಕೊನೆಯಲ್ಲಿ ಒಂದು ಮಗುವಿನ ಓದಿಗೆ ಉಳಿದ ನಿವ್ವಳ ಮೊತ್ತ ಕಾಣುತ್ತದೆ. ಪಕ್ಕದ ಸರ್ಕಾರಿ ಶಾಲೆಯ ಪುಟವನ್ನೂ ತೆರೆದು ಆ ಕೊನೆಯ ಸಾಲನ್ನು ಹೋಲಿಸಿ. ಕಡಿಮೆ ಫೀಸಿನ ಎಷ್ಟೋ ಖಾಸಗಿ ಶಾಲೆಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಇರುತ್ತವೆ. ಹಾಗಿದ್ದರೆ ನೀವು ಕಟ್ಟುವ ಫೀಸು ಸರ್ಕಾರ ಕಡಿತ ಮಾಡಿದ್ದನ್ನು ತುಂಬುತ್ತಿದೆ, ಅಷ್ಟೇ. ಮಗುವಿಗೆ ಹೆಚ್ಚಿಗೆ ಏನೂ ಸಿಗುತ್ತಿಲ್ಲ. ಶಿಸ್ತು, ಧರ್ಮ, ಮನೆಗೆ ಹತ್ತಿರ, ಅಣ್ಣ ಅಲ್ಲೇ ಓದುತ್ತಿದ್ದಾನೆ, ಈ ಕಾರಣಗಳಿಗೆ ಆರಿಸಿಕೊಂಡರೆ ತಪ್ಪಿಲ್ಲ. ಅಲ್ಲಿನ ಲೆಕ್ಕ ಒಂದೆರಡು ವರ್ಷ ಹಿಂದಿನದು ಎಂಬುದು ನೆನಪಿರಲಿ.

ಕ್ಯಾಥೊಲಿಕ್ ಶಾಲೆಗಳ ವಿಚಾರದಲ್ಲಿ ಇನ್ನೊಂದು ಮಾತು. ಇವುಗಳಲ್ಲಿ ಹೆಚ್ಚಿನವುಗಳ ಹಣ ಒಂದೊಂದು ಶಾಲೆಗೆ ನೇರ ಹೋಗದೆ ಶಾಲೆಗಳ ಒಕ್ಕೂಟಕ್ಕೆ ಬರುತ್ತದೆ. ಅದು ತನ್ನ ಸೂತ್ರದಂತೆ ಹಂಚುತ್ತದೆ. ಸೀಟು ಮೊದಲು ಆ ಚರ್ಚಿನ ವ್ಯಾಪ್ತಿಯ ಕ್ಯಾಥೊಲಿಕ್ ಮಕ್ಕಳಿಗೆ, ಆಮೇಲೆ ಇತರರಿಗೆ. ಮತಾಂತರ ಮಾಡುತ್ತಾರೆಯೇ ಎಂದು ಅಜ್ಜಿಯರು ಕೇಳುತ್ತಾರೆ: ಇಲ್ಲ. ಆದರೆ ಧರ್ಮದ ಪಾಠ, ಪೂಜೆಗೆ ಹಾಜರಾತಿ ಶಾಲೆಯ ದಿನಚರಿಯ ಭಾಗ. ಊರಿನಲ್ಲಿ ಕಾನ್ವೆಂಟಿನಲ್ಲಿ ಓದಿದವರಿಗೆ ಇದು ಹೊಸದಲ್ಲ. ಬೇಡವೆನಿಸಿದರೆ ಸೇರಿಸುವ ಮುನ್ನವೇ ಬೇಡ ಎನ್ನಿ.

ವೀಸಾ ನೋಡಿಕೊಳ್ಳಿ. ಪೂರ್ತಿ ಶುಲ್ಕ ಕಟ್ಟುವ ವಿದೇಶಿ ವಿದ್ಯಾರ್ಥಿಗೆ ಈ ಕೇಂದ್ರ ಅನುದಾನ ಇಲ್ಲ, ಆದ್ದರಿಂದ ಶಾಲೆ ಪೂರ್ತಿ ವೆಚ್ಚವನ್ನು ನಿಮ್ಮಿಂದಲೇ ಕೇಳುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಕೆಲವು ತಾತ್ಕಾಲಿಕ ವೀಸಾದವರು ಸರ್ಕಾರಿ ಶಾಲೆಗೂ ಶುಲ್ಕ ಕಟ್ಟಬೇಕು. ಖಾಸಗಿ ಶಾಲೆಯಲ್ಲೂ ವೀಸಾಕ್ಕೆ ತಕ್ಕ ಬೇರೆ ದರ ಇರಬಹುದು. ಕರಪತ್ರದ ದರ ನಂಬದೆ ವೀಸಾ ವರ್ಗದ ಸಂಖ್ಯೆ ಹೇಳಿ ಬರಹದಲ್ಲಿ ಉತ್ತರ ಪಡೆಯಿರಿ.

ಆವರ್ತಕ ಅನುದಾನ ಇರುವುದು ಸಂಬಳ, ಪಾಠ, ವಿದ್ಯುತ್ ಮುಂತಾದ ದಿನನಿತ್ಯದ ಖರ್ಚಿಗೆ. ಕಟ್ಟಡದ ಹಣ ಬೇರೆ, ಆದ್ದರಿಂದ ಬಿಲ್ಲಿನಲ್ಲಿ ಫೀಸಿನ ಕೆಳಗೆ ಕಟ್ಟಡ ವಂತಿಗೆ ಎಂದು ಇನ್ನೊಂದು ಸಾಲು ಕಾಣಬಹುದು. ಫೀಸಿಗೆ ತೆರಿಗೆ ವಿನಾಯಿತಿ ಇಲ್ಲ. ಮಾನ್ಯತೆ ಪಡೆದ ಕಟ್ಟಡ ನಿಧಿಗೆ ಸ್ವಇಚ್ಛೆಯಿಂದ ಕೊಟ್ಟ ದೇಣಿಗೆಗೆ ಇದೆ. (ಭಾನುವಾರದ ಕನ್ನಡ ಶಾಲೆಗೆ ಈ ಆವರ್ತಕ ಅನುದಾನದಲ್ಲಿ ಪಾಲಿಲ್ಲ. ಸಮುದಾಯ ಭಾಷಾ ಶಾಲೆಗಳಿಗೆ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ ಸರ್ಕಾರಗಳು ಬೇರೆಯಾಗಿ ತಲೆಗಿಷ್ಟು ಕೊಡುತ್ತವೆ. ಅಲ್ಲಿಯೂ ಎಣಿಸುವುದು ಮಕ್ಕಳನ್ನೇ, ಆದ್ದರಿಂದ ಕಳಿಸಿ.)

ಫೀಸು ಭಾರವೆನಿಸಿದರೆ ಮಗುವಿನ ತಮ್ಮ-ತಂಗಿಯರಿಗೆ ರಿಯಾಯಿತಿ ಇದೆಯೇ, ಕೆಲಸ ಹೋದಾಗ ಕಂತು ಮುಂದೂಡುತ್ತೀರಾ ಎಂದು ಕಚೇರಿಯಲ್ಲಿ ಕೇಳಿ. ಕ್ಯಾಥೊಲಿಕ್ ಶಾಲೆಗಳು ಇದಕ್ಕೆ ಸಾಮಾನ್ಯವಾಗಿ ಕಿವಿಗೊಡುತ್ತವೆ. ಸಹಿ ಹಾಕುವ ಮುನ್ನ ಕರಾರಿನ ಕೊನೆಯ ಪುಟಗಳನ್ನು ಓದಿ. ಬಹಳಷ್ಟು ಖಾಸಗಿ ಶಾಲೆಗಳಲ್ಲಿ ಮಗುವನ್ನು ಬಿಡಿಸುವುದಾದರೆ ಪೂರ್ತಿ ಒಂದು ಟರ್ಮ್ ಮೊದಲೇ ಲಿಖಿತವಾಗಿ ತಿಳಿಸಬೇಕು, ಇಲ್ಲದಿದ್ದರೆ ಆ ಟರ್ಮ್‌ನ ಫೀಸು ಕಟ್ಟಬೇಕು. ಪರೀಕ್ಷೆಯ ಮೂಲಕ ಮಕ್ಕಳನ್ನು ಆರಿಸಿಕೊಳ್ಳುವ ಸರ್ಕಾರಿ ‘ಸೆಲೆಕ್ಟಿವ್’ ಶಾಲೆಗೆ ಪರೀಕ್ಷೆ ಬರೆಸಿ ಫಲಿತಾಂಶಕ್ಕೆ ಕಾಯುತ್ತಿರುವವರು ಈ ಷರತ್ತಿನ ದಿನಾಂಕವನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.