ವೀನ್ ಬ್ರಿಡ್ಜ್ ಆಸಿಲೇಟರ್: ಶುದ್ಧ ಸೈನ್ ತರಂಗದ ಸಿಮ್ಯುಲೇಷನ್

ವೀನ್ ಬ್ರಿಡ್ಜ್ ಒಂದು ಆಸಿಲೇಟರ್, ಅಂದರೆ ತಾನಾಗಿಯೇ ತರಂಗ ಹುಟ್ಟಿಸುವ ಸರ್ಕ್ಯೂಟ್. ಅದನ್ನು ಕಂಪ್ಯೂಟರಿನಲ್ಲಿ ಓಡಿಸಿದಾಗ ಸಿಗುವ ಡಿಸ್ಟಾರ್ಷನ್ (ತರಂಗ ಶುದ್ಧ ಸೈನ್‌ನಿಂದ ಎಷ್ಟು ಕೆಟ್ಟಿದೆ ಎಂಬ) ಅಂಕಿಯಲ್ಲಿ ಸರ್ಕ್ಯೂಟಿನ ಪಾಲೆಷ್ಟು, ಸಾಫ್ಟ್‌ವೇರಿನ ಪಾಲೆಷ್ಟು? ಇದನ್ನು ಬೇರ್ಪಡಿಸದೆ ಆ ಅಂಕಿಯನ್ನು ನಂಬಬಾರದು. ಉಚಿತವಾಗಿ ಸಿಗುವ ಸರ್ಕ್ಯೂಟ್ ಸಿಮ್ಯುಲೇಟರ್ ಎಲ್‌ಟಿಸ್ಪೈಸ್ ಇದಕ್ಕೆ ಸಾಕು.

ಸರ್ಕ್ಯೂಟಿನ ಆಂಪ್ಲಿಫೈಯರ್ ಆದ ಆಪ್-ಆಂಪ್‌ಗೆ ಯೂನಿವರ್ಸಲ್ ಆಪ್-ಆಂಪ್ ಮಾದರಿ ಹಾಕಿ ±15 ವೋಲ್ಟ್ ಕೊಡಿ. ಔಟ್‌ಪುಟ್‌ನಿಂದ ಪ್ಲಸ್ ಇನ್‌ಪುಟ್‌ಗೆ 16 ಕಿಲೋಓಮ್ ಮತ್ತು 10 ನ್ಯಾನೊಫ್ಯಾರಡ್ ಸರಣಿಯಲ್ಲಿ. ಅಲ್ಲಿಂದ ಗ್ರೌಂಡಿಗೆ ಅಷ್ಟೇ ಬೆಲೆಯ ಜೋಡಿ ಸಮಾಂತರದಲ್ಲಿ. ಆವರ್ತನ ಸುಮಾರು 995 ಹರ್ಟ್ಸ್. ಮೈನಸ್ ಇನ್‌ಪುಟ್‌ನಿಂದ ಗ್ರೌಂಡಿಗೆ 10 ಕಿಲೋಓಮ್. ಔಟ್‌ಪುಟ್‌ನಿಂದ ಮೈನಸ್‌ಗೆ 18 ಮತ್ತು 2.7 ಕಿಲೋಓಮ್ ಸರಣಿಯಲ್ಲಿರಲಿ, 2.7ರ ಮೇಲೆ ಎದುರುಬದುರಾಗಿ ಎರಡು 1ಎನ್4148 ಡಯೋಡ್. ಆಂದೋಲನ ಒಂದೇ ಮಟ್ಟದಲ್ಲಿ ಮುಂದುವರಿಯಲು ಗೇನ್ (ಆಪ್-ಆಂಪ್ ಸಿಗ್ನಲನ್ನು ಹಿಗ್ಗಿಸುವ ಪಟ್ಟು) ಸರಿಯಾಗಿ 3 ಬೇಕು. ಇಲ್ಲಿ ಶುರುವಿನಲ್ಲಿ 3.07 ಇರುವುದರಿಂದ ತರಂಗ ಬೆಳೆದು, ಡಯೋಡ್‌ಗಳು ತಡೆದ ಮಟ್ಟದಲ್ಲಿ ಸ್ಥಿರವಾಗುತ್ತದೆ.

ರನ್ ಒತ್ತಿದರೆ ಬಹುಶಃ ನೇರ ಗೆರೆಯೇ ಕಂಡೀತು. ನಿಜವಾದ ಸರ್ಕ್ಯೂಟನ್ನು ನಾಯ್ಸ್ ಎಬ್ಬಿಸುತ್ತದೆ, ಸಿಮ್ಯುಲೇಟರಿನಲ್ಲಿ ಅದಿಲ್ಲ. ಪ್ಲಸ್ ಇನ್‌ಪುಟ್‌ಗೆ ‘ಡಾಟ್ ಐಸಿ’ (ಆರಂಭದ ವೋಲ್ಟೇಜ್ ಹೇಳುವ ಆದೇಶ) ಬಳಸಿ 10 ಮಿಲಿವೋಲ್ಟ್ ಕೊಡಿ. ಸಿಮ್ಯುಲೇಟರ್ ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕುವ ಇಂಟಿಗ್ರೇಷನ್ ವಿಧಾನ ‘ಗಿಯರ್’ ಆಗಿರಕೂಡದು, ಅದು ಆಂದೋಲನವನ್ನು ಕೃತಕವಾಗಿ ಕುಗ್ಗಿಸುತ್ತದೆ.

ಟ್ರಾನ್ಸಿಯೆಂಟ್ (ಕಾಲ ಸರಿದಂತೆ ತರಂಗವನ್ನು ಲೆಕ್ಕ ಹಾಕುವ ಓಟ) 300 ಮಿಲಿಸೆಕೆಂಡ್ ಓಡಲಿ, ದಾಖಲೆ 200ರಿಂದ ಶುರುವಾಗಲಿ, ಗರಿಷ್ಠ ಹೆಜ್ಜೆ 1 ಮೈಕ್ರೋಸೆಕೆಂಡ್. ಆಪ್ಷನ್‌ಗಳಲ್ಲಿ ‘ಪ್ಲಾಟ್‌ವಿನ್‌ಸೈಜ್’ 0, ‘ನಮ್‌ಡಿಜಿಟಿ’ 7 ಮಾಡಿ. ಮೊದಲನೆಯದು ಡೇಟಾ ಕಂಪ್ರೆಷನ್ ನಿಲ್ಲಿಸುತ್ತದೆ. ಅದನ್ನು ನಿಲ್ಲಿಸದೆ ತೆಗೆದ ಡಿಸ್ಟಾರ್ಷನ್ ಅಂಕಿಗೆ ಬೆಲೆಯಿಲ್ಲ.

ಈಗ ಡಿಸ್ಟಾರ್ಷನ್ ಲೆಕ್ಕ ಹಾಕುವ ಆದೇಶ ‘ಡಾಟ್ ಫೋರ್’. ಇದಕ್ಕೆ ಆವರ್ತನವನ್ನು ನೀವೇ ಹೇಳಬೇಕು. ಅಂದಾಜಿಗೆ 1000 ಎಂದು ಬರೆದರೆ ಪೂರ್ಣ ಆವರ್ತ ಸಿಗದೆ, ಆ ತಪ್ಪೊಂದೇ ಅರ್ಧ ಶೇಕಡಾ ದಾಟುವ ಸುಳ್ಳು ಡಿಸ್ಟಾರ್ಷನ್ ತೋರಿಸಬಲ್ಲದು. ಮೊದಲು ಅಳತೆಯ ಆದೇಶ ‘ಡಾಟ್ ಮೆಷರ್’ನಿಂದ ಹಲವು ಆವರ್ತಗಳ ಅವಧಿ ಅಳೆದು, ಬಂದ ಆವರ್ತನ ಹಾಕಿ ಮತ್ತೆ ಓಡಿಸಿ. ಫಲಿತಾಂಶ ಎರರ್ ಲಾಗ್‌ನಲ್ಲಿರುತ್ತದೆ. ಜೊತೆಗೆ ಅದೇ ಹಾಳೆಯಲ್ಲಿ ಅದೇ ಆವರ್ತನದ ಸೈನ್ ಸೋರ್ಸ್ ಒಂದನ್ನಿಟ್ಟು ಅದರ ಡಿಸ್ಟಾರ್ಷನ್ನನ್ನೂ ತೆಗೆಯಿರಿ. ಅಲ್ಲಿ ಬರುವುದು ಪೂರ್ತಿ ಸಾಫ್ಟ್‌ವೇರಿನ ದೋಷ. ನಿಮ್ಮ ಸರ್ಕ್ಯೂಟಿನ ಅಂಕಿ ಅದರ ಸಮೀಪ ಬಂದರೆ ಹೆಜ್ಜೆ ಇನ್ನೂ ಚಿಕ್ಕದಾಗಬೇಕು.

ಡಯೋಡ್ ಪ್ರತಿ ಆವರ್ತದಲ್ಲೂ ತರಂಗದ ತುದಿಯನ್ನು ಬಾಗಿಸುವುದರಿಂದ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಆವರ್ತನದ ಬೇಡದ ತರಂಗ) ಏಳುತ್ತದೆ. 1939ರಲ್ಲಿ ವಿಲಿಯಂ ಹ್ಯೂಲೆಟ್ ಪುಟ್ಟ ಬಲ್ಬ್ ಬಳಸಿ ಇದನ್ನು ತಪ್ಪಿಸಿದರು: ಫಿಲಮೆಂಟ್ ನಿಧಾನವಾಗಿ ಬಿಸಿಯಾಗುವುದರಿಂದ ಒಂದು ಆವರ್ತದೊಳಗೆ ಅದರ ರೆಸಿಸ್ಟೆನ್ಸ್ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಅದನ್ನೇ ಅನುಕರಿಸೋಣ. ಡಯೋಡ್ ತೆಗೆದು ಫೀಡ್‌ಬ್ಯಾಕಿಗೆ ಒಂದೇ 20 ಕಿಲೋಓಮ್ ಹಾಕಿ. ಬಿಹೇವಿಯರಲ್ ಸೋರ್ಸ್ (ಬರೆದ ಸೂತ್ರದಂತೆ ವೋಲ್ಟೇಜ್ ಕೊಡುವ ಸೋರ್ಸ್) ಒಂದು ಔಟ್‌ಪುಟ್ ವೋಲ್ಟೇಜಿನ ವರ್ಗ ಕೊಡಲಿ. ಅದನ್ನು 100 ಕಿಲೋಓಮ್, 100 ನ್ಯಾನೊಫ್ಯಾರಡ್‌ಗಳಲ್ಲಿ ಸೋಸಿ. ಗ್ರೌಂಡ್ ಕಡೆಯ 10 ಕಿಲೋಓಮ್ ಬದಲು ರೆಸಿಸ್ಟೆನ್ಸನ್ನು ಸೂತ್ರವಾಗಿ ಬರೆಯಿರಿ: 9900ಕ್ಕೆ, ಸೋಸಿದ ವೋಲ್ಟೇಜಿನ 5 ಪಟ್ಟು ಕೂಡಿಸಿ. ಆ ವೋಲ್ಟೇಜ್ 20 ಮುಟ್ಟಿದಾಗ ಗೇನ್ 3. ತರಂಗದ ಪೀಕ್ ಸುಮಾರು 6.3 ವೋಲ್ಟ್. ಆಂಪ್ಲಿಟ್ಯೂಡ್ ಮೊದಲು ಮೇಲೇರಿ ತೂಗಾಡಿ ನಿಲ್ಲುವುದರಿಂದ 600 ಮಿಲಿಸೆಕೆಂಡ್ ಓಡಿಸಿ, ಕೊನೆಯ 100 ಮಾತ್ರ ನೋಡಿ. ಡಿಸ್ಟಾರ್ಷನ್ ಶೇ 0.01ರೊಳಗೆ ಬರಬೇಕು. ಸೋಸುವ ಕೆಪಾಸಿಟರನ್ನು 1 ನ್ಯಾನೊಫ್ಯಾರಡ್‌ಗೆ ಇಳಿಸಿದರೆ ಮೂರನೇ ಹಾರ್ಮೋನಿಕ್ ಮತ್ತೆ ತಲೆ ಎತ್ತುತ್ತದೆ.

ಆಪ್-ಆಂಪ್‌ನ ಸ್ವಂತ ಡಿಸ್ಟಾರ್ಷನ್ ಇಂಥ ಸರಳ ಮಾದರಿಗಳಲ್ಲಿ ಇರುವುದಿಲ್ಲ. ಅದಕ್ಕೆ ಬಿಡಿಭಾಗದ ಡೇಟಾಶೀಟ್ ನೋಡಿ, ಕೊನೆಗೆ ಬೋರ್ಡಿನ ಮೇಲೇ ಅಳೆಯಬೇಕು.