ರೆಡ್‌ವುಡ್ ಕಾಡಿನಲ್ಲಿ ಚುರುಮುರಿ ಕಲಸಬಾರದು

ಚುರುಮುರಿ ಕಲಸಿದ್ದು ನಾನೇ. ಹಾಗಾಗಿ ತಪ್ಪನ್ನು ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ.

ಕ್ಯಾಲಿಫೋರ್ನಿಯಾದ ಪೋರ್ಟೋಲಾ ರೆಡ್‌ವುಡ್ಸ್ ಸ್ಟೇಟ್ ಪಾರ್ಕಿಗೆ, ಅಂದರೆ ಮುಗಿಲೆತ್ತರದ ರೆಡ್‌ವುಡ್ ಮರಗಳ ಕಾಡಿಗೆ, ನಾವು ಮೊದಲ ಸಲ ಹೋದ ಸಂಜೆ ಅದು. ಸನಿವೇಲಿನ ನಮ್ಮ ಮನೆಯಿಂದ ಹೊರಟು, ಪೇಜ್ ಮಿಲ್ ರಸ್ತೆಯ ತಿರುವುಗಳಲ್ಲಿ ಮಗಳು ಒಂದು ಸಲ ವಾಂತಿ ಮಾಡಿಕೊಂಡು, ಹೇಗೋ ಟೆಂಟ್ ಹಾಕುವ ಸೈಟ್ ಮುಟ್ಟಿದ್ದೆವು. ಟೆಂಟ್ ಹಾಕಿ ಆಗಿತ್ತು. ಎಲ್ಲರಿಗೂ ಹಸಿವು. ದೊಡ್ಡ ಸ್ಟೀಲ್ ಪಾತ್ರೆಗೆ ಮಂಡಕ್ಕಿ, ಈರುಳ್ಳಿ, ಕ್ಯಾರೆಟ್ ತುರಿ, ಖಾರದ ಪುಡಿ, ಎರಡು ಚಮಚ ಕೊಬ್ಬರಿ ಎಣ್ಣೆ ಹಾಕಿ ಕಲಸಿದೆ. ಮಕ್ಕಳು ಹಿಡಿ ಹಿಡಿಯಾಗಿ ತಿಂದರು. ಬಾಯಿಗೆ ಹೋದಷ್ಟೇ ನೆಲಕ್ಕೂ ಹೋಯಿತು.

ಐದು ನಿಮಿಷ ಆಗಿರಲಿಲ್ಲ. ತಲೆಯ ಮೇಲೆ ಯಾರೋ ತುಕ್ಕು ಹಿಡಿದ ಗೇಟು ಎಳೆದಂಥ ಸದ್ದು. ನೀಲಿ ಮೈ, ಕಪ್ಪು ತಲೆ, ಕಪ್ಪು ಜುಟ್ಟು. ಸ್ಟೆಲ್ಲರ್ಸ್ ಜೇ ಅಂತ ಅದರ ಹೆಸರು. ಮೊದಲು ಒಂದು ಬಂತು, ಆಮೇಲೆ ನಾಲ್ಕು. ಮಕ್ಕಳಿಗೆ ಖುಷಿಯೋ ಖುಷಿ. ಅಮ್ಮ ಊರಿನಿಂದ ಬಂದಿದ್ದರು. 'ನಮ್ಮ ಕಾಗೆ ಹಾಗೇ, ಬಣ್ಣ ಮಾತ್ರ ಚೆಂದ' ಅಂದು ಇನ್ನೊಂದು ಹಿಡಿ ಮಂಡಕ್ಕಿ ಎಸೆದೇ ಬಿಟ್ಟರು. ಅಷ್ಟರಲ್ಲಿ ಸುತ್ತು ಹೊಡೆಯಲು ಬಂದಿದ್ದ ರೇಂಜರ್ ಗಾಡಿ ನಿಲ್ಲಿಸಿದರು.

ಬೈಯಲಿಲ್ಲ. ಮಂಡಿಯೂರಿ ಕೂತು ನಮ್ಮ ಜೊತೆ ಮಂಡಕ್ಕಿ ಹೆಕ್ಕತೊಡಗಿದರು. ಹೆಕ್ಕುತ್ತಾ ಹೆಕ್ಕುತ್ತಾ ಒಂದು ಹಕ್ಕಿಯ ಕತೆ ಹೇಳಿದರು.

ಮಾರ್ಬಲ್ಡ್ ಮರ್ರೆಲೆಟ್ ಅನ್ನುವುದು ಕಡಲ ಹಕ್ಕಿ. ನಮ್ಮ ಪಾರಿವಾಳಕ್ಕಿಂತ ಚಿಕ್ಕದು. ದಿನವೆಲ್ಲ ಸಮುದ್ರದಲ್ಲಿ ಮೀನು ಹಿಡಿಯುತ್ತದೆ. ಮೊಟ್ಟೆ ಇಡಲು ಮಾತ್ರ ಒಳನಾಡಿನ ಹಳೇ ಕಾಡಿಗೆ ಬರುತ್ತದೆ. ಗೂಡು ಅಂತ ಕಟ್ಟುವುದೇ ಇಲ್ಲ. ಮುದಿ ರೆಡ್‌ವುಡ್ ಮರದ ದಪ್ಪ ಕೊಂಬೆಯ ಮೇಲೆ ಪಾಚಿ ಬೆಳೆದಿರುತ್ತದಲ್ಲ, ಅಲ್ಲೇ ಒಂದು ಮೊಟ್ಟೆ. ವರ್ಷಕ್ಕೆ ಸಾಮಾನ್ಯವಾಗಿ ಅದೊಂದೇ. ಈ ಹಕ್ಕಿ ಎಲ್ಲಿ ಮೊಟ್ಟೆ ಇಡುತ್ತದೆ ಅನ್ನುವುದೇ ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. 1974ರಲ್ಲಿ ಇಲ್ಲೇ ಪಕ್ಕದ ಬಿಗ್ ಬೇಸಿನ್ ಪಾರ್ಕಿನಲ್ಲಿ ಮರ ಹತ್ತಿದ ಕೆಲಸಗಾರನೊಬ್ಬನಿಗೆ ಮರಿ ಕಂಡಿತು. ಆಗ ಗುಟ್ಟು ರಟ್ಟಾಯಿತು.

ನೀಲಿ ಹಕ್ಕಿಗೂ ಇದಕ್ಕೂ ಏನು ಸಂಬಂಧ ಅಂದರೆ, ಜೇಗೆ ಮೊಟ್ಟೆ, ಮರಿ ಅಂದರೆ ಪ್ರಾಣ. ಕ್ಯಾಂಪ್‌ಗ್ರೌಂಡಿನಲ್ಲಿ ಚೂರುಪಾರು ತಿಂಡಿ ಸಿಗುತ್ತದೆ ಅಂತ ಗೊತ್ತಾದರೆ ಅಲ್ಲೇ ಬೀಡುಬಿಡುತ್ತದೆ, ಸಂಖ್ಯೆ ಜಾಸ್ತಿಯಾಗುತ್ತದೆ. ತಿಂಡಿ ಮುಗಿದ ಮೇಲೆ ಸುತ್ತಲ ಕೊಂಬೆಗಳನ್ನು ಜಾಲಾಡುತ್ತದೆ. 1992ರಿಂದ ಅಳಿವಿನ ಪಟ್ಟಿಯಲ್ಲಿರುವ ಹಕ್ಕಿಯ ವರ್ಷದ ಒಂದೇ ಮೊಟ್ಟೆ ಹೀಗೆ ಹೋಗುತ್ತದೆ. ಅದಕ್ಕೇ ಈ ಬೆಟ್ಟಸಾಲಿನ ಪಾರ್ಕುಗಳಲ್ಲಿ 'ಕ್ರಂಬ್ ಕ್ಲೀನ್' ಅನ್ನುವ ನಿಯಮ. ಒಂದು ಅಗುಳೂ ನೆಲದ ಮೇಲೆ ಉಳಿಯಬಾರದು.

ಕತೆ ಕೇಳಿ ಅಮ್ಮ ತಾವೇ ಎಸೆದ ಮಂಡಕ್ಕಿಯನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಂಡರು. ನನಗಂತೂ ಮುಖ ಎತ್ತಲು ಆಗಲಿಲ್ಲ. ಆ ರಾತ್ರಿ ಮೇಜಿನ ಮೇಲೆ ಮರೆತಿದ್ದ ತುಪ್ಪದ ಡಬ್ಬಿಯನ್ನು ರಕೂನ್ ಅನ್ನುವ ಕಾಡುಪ್ರಾಣಿ ತೆಗೆದು ನೆಕ್ಕಿತು. ಮುಚ್ಚಳ ಉರುಳಿದ ಸದ್ದಿಗೆ ಎದ್ದು ಟಾರ್ಚ್ ಬಿಟ್ಟರೆ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡವನ ಹಾಗೆ ಕೂತು ನಮ್ಮನ್ನೇ ನೋಡುತ್ತಿತ್ತು. ಕದ್ದವರು ನಾವೇನೋ ಅನ್ನುವ ಹಾಗೆ.

ಇದಾದ ಮೇಲೆ ಮೂರು ಸಲ ಹೋಗಿದ್ದೇವೆ. ಈಗ ನಾವು ಹೇಗೆ ಮಾಡುತ್ತೇವೆ ಅಂತ ಬರೆಯುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಮೊದಲ ಸಲ ಟೆಂಟ್ ಕೊಳ್ಳುತ್ತಿರುವ ಕನ್ನಡದ ಮನೆಯವರಿಗೆ ಉಪಯೋಗ ಆಗಬಹುದು.

ಬುಕಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಿಸರ್ವ್ ಕ್ಯಾಲಿಫೋರ್ನಿಯಾ ಅನ್ನುವ ವೆಬ್‌ಸೈಟಿನಲ್ಲಿ ಸರಿಯಾಗಿ 6 ತಿಂಗಳು ಮುಂಚೆ, ಬೆಳಿಗ್ಗೆ 8 ಗಂಟೆಗೆ ತೆರೆಯುತ್ತದೆ. ಬೇಸಿಗೆಯ ಶನಿವಾರ ಬೇಕಾದರೆ 7:55ಕ್ಕೇ ಲಾಗಿನ್ ಆಗಿ ಕೂರಬೇಕು. ನಮ್ಮ ತತ್ಕಾಲ್ ಟಿಕೆಟ್ ಅಭ್ಯಾಸ ಇದ್ದವರಿಗೆ ಹೊಸದೇನಲ್ಲ. ನಾವು ಕಟ್ಟಿದ್ದು ರಾತ್ರಿಗೆ 35 ಡಾಲರ್, ಮೇಲೆ ಬುಕಿಂಗ್ ಫೀ. ಸಿಗದಿದ್ದರೆ ಬೇಜಾರು ಬೇಡ. ವಾರದ ಮುಂಚೆ ಜನ ಕ್ಯಾನ್ಸಲ್ ಮಾಡುತ್ತಲೇ ಇರುತ್ತಾರೆ. ನಮ್ಮ ಎರಡನೇ ಟ್ರಿಪ್ ಸಿಕ್ಕಿದ್ದು ಹಾಗೇ, ಬುಧವಾರ ರಾತ್ರಿ.

ಸೈಟ್ ಆರಿಸುವಾಗ ನಾನು ಮೊದಲು ದೊಡ್ಡ ಮರಗಳ ನಡುವಿನದ್ದನ್ನೇ ಹುಡುಕಿ ತೆಗೆದುಕೊಂಡಿದ್ದೆ. ಫೋಟೋಗೆ ಚೆಂದ. ಆದರೆ ಅಲ್ಲಿ ಬಿಸಿಲು ಅನ್ನುವುದೇ ಇಲ್ಲ. ಮಧ್ಯಾಹ್ನ 12ಕ್ಕೂ ಸ್ವೆಟರ್ ಬೇಕಾಯಿತು. ಈಗ ಸ್ವಲ್ಪ ಆಕಾಶ ಕಾಣುವ ಸೈಟ್ ನೋಡುತ್ತೇನೆ. ಶೌಚಾಲಯಕ್ಕೆ ತೀರಾ ಹತ್ತಿರವೂ ಬೇಡ. ರಾತ್ರಿಯೆಲ್ಲ ಬಾಗಿಲ ಸದ್ದು, ದೀಪ. ಆದರೆ ಅಮ್ಮನಂಥ ಹಿರಿಯರು ಜೊತೆಗಿದ್ದರೆ ಈ ಮಾತನ್ನು ಮರೆತುಬಿಡಿ.

ಹೊರಡುವ ಮುಂಚೆ ಪೆಟ್ರೋಲ್ ತುಂಬಿಸಿ. ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ಸ್ಕೈಲೈನ್ ರಸ್ತೆ ದಾಟಿ ಕೆಳಗಿಳಿದರೆ ಫೋನಿಗೆ ಸಿಗ್ನಲ್ ಇಲ್ಲ. ಊರಿನವರಿಗೆ ಮೊದಲೇ ಹೇಳಿಡಿ. ನಮ್ಮ ಅಕ್ಕ ಒಂದು ರಾತ್ರಿ ಫೋನ್ ಸಿಗದೆ ಗಾಬರಿಯಾಗಿ ನನ್ನ ಗೆಳೆಯರಿಗೆಲ್ಲ ಫೋನ್ ಮಾಡಿದ್ದರು.

ಇನ್ನು ಅಡುಗೆ. ನಿಜವಾಗಿ ಬದಲಾಗಿದ್ದು ಇಲ್ಲಿ. ಮೊದಲ ಸಲ ಕುಕ್ಕರ್, ಇಡ್ಲಿ ಹಿಟ್ಟು, ಒಗ್ಗರಣೆ ಡಬ್ಬಿ, ಐದು ಥರದ ತರಕಾರಿ ಹೊತ್ತಿದ್ದೆವು. ಕಾಡಿಗೆ ಹೋಗಿ ಇಡೀ ದಿನ ಪಾತ್ರೆ ತೊಳೆದೆವು. ಈಗ ನನ್ನ ನಿಯಮ ಒಂದೇ: ಅಂಟಿಕೊಳ್ಳುವ ತಿಂಡಿ ಒಳ್ಳೆಯದು, ಉದುರುವ ತಿಂಡಿ ಕೆಟ್ಟದ್ದು. ಮಂಡಕ್ಕಿ, ಮಿಕ್ಸ್ಚರ್, ಚಿಪ್ಸ್, ಬ್ರೆಡ್ ಟೋಸ್ಟ್ ಎಲ್ಲ ಮನೆಯಲ್ಲೇ ಇರಲಿ. ಮೊಸರನ್ನ, ಪೊಂಗಲ್, ಗೊಜ್ಜವಲಕ್ಕಿ ಬರಲಿ.

ಗೊಜ್ಜವಲಕ್ಕಿಯಂತೂ ಕ್ಯಾಂಪಿಂಗಿಗೆಂದೇ ಯಾರೋ ಕಂಡುಹಿಡಿದ ಹಾಗಿದೆ. ಮನೆಯಲ್ಲಿ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಗೆ ಹಾಕಿ ಎರಡು ಸಲ ತಿರುವಿ ರವೆಯ ಹಾಗೆ ತರಿ ಮಾಡಿಕೊಳ್ಳುತ್ತೇನೆ. ಸಾರಿನ ಪುಡಿ, ಬೆಲ್ಲದ ಪುಡಿ, ಉಪ್ಪು, ಒಣಕೊಬ್ಬರಿ ತುರಿ ಅದಕ್ಕೇ ಬೆರೆಸಿ ಜಿಪ್ ಚೀಲಕ್ಕೆ ಹಾಕುವುದು. ಹುಣಸೆ ರಸ ಒಂದು ಬಾಟಲಿಯಲ್ಲಿ. ಶೇಂಗಾ, ಸಾಸಿವೆ, ಕರಿಬೇವಿನ ಒಗ್ಗರಣೆ ಇನ್ನೊಂದು ಚಿಕ್ಕ ಡಬ್ಬಿಯಲ್ಲಿ. ಇಷ್ಟು ಆದರೆ ಅಡುಗೆ ಮುಗಿಯಿತು. ಅಲ್ಲಿ ಹೋಗಿ ರಸಕ್ಕೆ ನೀರು ಸೇರಿಸಿ, ಚೀಲದೊಳಗೇ ಸುರಿದು 20 ನಿಮಿಷ ಬಿಟ್ಟರೆ ಅರಳಿರುತ್ತದೆ. ಒಗ್ಗರಣೆ ಮೇಲೆ ಸುರಿಯುವುದು, ಚೀಲ ಹಿಸುಕಿ ಬೆರೆಸುವುದು. ಒಲೆ ಬೇಡ, ಪಾತ್ರೆ ಬೇಡ. ಎರಡು ಬರ್ನರಿನ ಗ್ಯಾಸ್ ಒಲೆ ಈಗ ಕಾಫಿಗೆ, ಬಿಸಿನೀರಿಗೆ, ಬೆಳಗಿನ ಪೊಂಗಲ್ ಬಿಸಿ ಮಾಡಲು ಅಷ್ಟೇ.

ಊಟಕ್ಕೆ ಕೂರುವ ಮೊದಲು ಮೇಜಿನ ಕೆಳಗೆ ಹಳೇ ಬೆಡ್‌ಶೀಟ್ ಹಾಸುತ್ತೇವೆ. ಎದ್ದ ಮೇಲೆ ನಾಲ್ಕು ಮೂಲೆ ಹಿಡಿದು ಎತ್ತಿ, ಕಸದ ಚೀಲಕ್ಕೆ ಕೊಡವುವುದು ಮಗನ ಕೆಲಸ. ತಟ್ಟೆಗಳನ್ನು ಮೊದಲು ಪೇಪರ್ ಟವೆಲ್ಲಿನಿಂದ ಒರೆಸುತ್ತೇವೆ. ಆಮೇಲೆ ಒಂದು ಟಬ್ಬಿನಲ್ಲಿ ತೊಳೆಯುವುದು. ಆ ನೀರನ್ನು ನೆಲಕ್ಕೆ ಚೆಲ್ಲುವ ಹಾಗಿಲ್ಲ, ಕುಡಿಯುವ ನೀರಿನ ನಲ್ಲಿಯ ಕೆಳಗೆ ಪಾತ್ರೆ ತೊಳೆಯುವ ಹಾಗೂ ಇಲ್ಲ. ಹಾಗಾಗಿ ಚಹಾ ಸೋಸುವ ಜಾಲರಿ ಒಯ್ದೆ. ಟಬ್ಬಿನ ನೀರನ್ನು ಅದರಲ್ಲಿ ಸೋಸಿ ಬಕೆಟ್ಟಿಗೆ ಬಿಟ್ಟೆ. ತಟ್ಟೆ ಎಲ್ಲ ಚೆನ್ನಾಗಿ ಒರೆಸಿದ್ದೇವೆ ಅಂದುಕೊಂಡಿದ್ದೆ. ಜಾಲರಿಯಲ್ಲಿ ನೋಡಿದರೆ ಏಳು ಅಗುಳು ಅನ್ನ, ಅರ್ಧ ಕರಿಬೇವಿನ ಎಲೆ, ಸಾಸಿವೆ ಕಾಳು ಲೆಕ್ಕವಿಲ್ಲದಷ್ಟು, ಒಂದು ಶೇಂಗಾ ಬೀಜದ ಸಿಪ್ಪೆ. ಅದನ್ನು ಕಸದ ಚೀಲಕ್ಕೆ ಬಡಿದೆ. ಸೋಸಿದ ನೀರನ್ನು ಎಲ್ಲಿ ಸುರಿಯಬೇಕು ಅನ್ನುವುದನ್ನು ಒಳಗೆ ಹೋಗುವಾಗಲೇ ಕೇಳಿಕೊಳ್ಳಿ. ಪಾರ್ಕಿಂದ ಪಾರ್ಕಿಗೆ ಬೇರೆ ಬೇರೆ.

ಪ್ರತಿ ಸೈಟಿನಲ್ಲೂ ಚಿಲಕದ ಪೆಟ್ಟಿಗೆ ಇರುತ್ತದೆ. ತಿನ್ನುವುದನ್ನಷ್ಟೇ ಅಲ್ಲ, ವಾಸನೆ ಬರುವುದನ್ನೆಲ್ಲ ಅದರಲ್ಲಿಡಿ. ಟೂತ್‌ಪೇಸ್ಟು, ಗಂಧದ ಸೋಪು, ಅಮ್ಮನ ಹರಳೆಣ್ಣೆ. ಟೆಂಟಿನೊಳಗೆ ಬಿಸ್ಕತ್ತಿನ ಪ್ಯಾಕೆಟ್ಟೂ ಬೇಡ.

ಚಳಿಯ ವಿಷಯದಲ್ಲಿ ನಾನು ಮೋಸಹೋದೆ. ಜೂನ್ ತಿಂಗಳು, ಹೊರಟಾಗ ಸನಿವೇಲಿನಲ್ಲಿ ಸೆಖೆ. ಗಾಳಿ ತುಂಬುವ ಹಾಸಿಗೆ ಒಯ್ದಿದ್ದೆವು, ಮೇಲೆ ಹೊದೆಯಲು ಎರಡೆರಡು ರಗ್ಗು. ರಾತ್ರಿ ಎರಡರ ಹೊತ್ತಿಗೆ ಬೆನ್ನು ಮಂಜುಗಡ್ಡೆ. ಹಾಸಿಗೆಯ ಒಳಗಿನ ಗಾಳಿ ನೆಲದ ಥಂಡಿಯನ್ನು ಹೀರಿ ಸೀದಾ ಮೈಗೆ ಕೊಡುತ್ತದೆ. ಮೇಲೆ ಎಷ್ಟು ಹೊದ್ದರೂ ವ್ಯರ್ಥ. ಎರಡನೇ ಸಲ ಗಾಳಿಯ ಸಣ್ಣ ಗುಳ್ಳೆಗಳು ಒಳಗೇ ಮುಚ್ಚಿಕೊಂಡಿರುವ ಫೋಮಿನ ಹಾಸು (ಕ್ಲೋಸ್ಡ್ ಸೆಲ್ ಅನ್ನುತ್ತಾರೆ) ತಂದೆ, ಅಗ್ಗದ್ದೇ. ಅದರ ಮೇಲೆ ಊರಿನಿಂದ ಬಂದ ಕರಿ ಕಂಬಳಿ. ಹೊದೆಯಲು ಅಲ್ಲ, ಹಾಸಲು. ಮಕ್ಕಳು ಬೆಳಗಿನವರೆಗೆ ಕಮಕ್ ಕಿಮಕ್ ಅನ್ನಲಿಲ್ಲ.

ರಾತ್ರಿಯೆಲ್ಲ ಟೆಂಟಿನ ಮೇಲೆ ಟಪ್ ಟಪ್ ಸದ್ದು. ಮಳೆ ಬಂತು ಅಂತ ಎದ್ದು ಹೊರಗೆ ಕೈ ಚಾಚಿದೆ. ಮಳೆ ಇಲ್ಲ. ಸಮುದ್ರದ ಕಡೆಯಿಂದ ಬಂದ ಮಂಜು ಸೂಜಿಯಂಥ ಎಲೆಗಳಿಗೆ ತಗುಲಿ ಹನಿಯಾಗಿ ಬೀಳುತ್ತಿತ್ತು. ಇಲ್ಲಿ ಬೇಸಿಗೆಯಲ್ಲಿ ಮಳೆಯೇ ಇಲ್ಲ. ಈ ಮರಗಳು ಆಗ ಬಹಳಷ್ಟು ನೀರು ಕುಡಿಯುವುದು ಹೀಗೆ. ಬೆಳಿಗ್ಗೆ ಹೇಳಿದಾಗ ಅಮ್ಮ, 'ಮಳೆ ನಿಂತರೂ ಮರದ ಹನಿ ನಿಲ್ಲಲ್ಲ ಅಂತ ಕೇಳಿದ್ದೆ. ಮಳೆಯೇ ಬರದೆ ಹನಿಯೋದು ಇದೇ ಮೊದಲು' ಅಂದರು. ಟೆಂಟಿನ ಮೇಲ್ಹೊದಿಕೆಯನ್ನು ಆಕಾಶ ನಿರ್ಮಲವಾಗಿದ್ದರೂ ಹಾಕಿಕೊಳ್ಳಿ.

ಬೆಂಕಿ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಬಿದ್ದ ಪುಳ್ಳೆ ಆರಿಸುವ ಹಾಗಿಲ್ಲ. ಅದು ಕೊಳೆತು ಕಾಡಿಗೇ ಗೊಬ್ಬರವಾಗಬೇಕು. ಮನೆಯಿಂದ ಸೌದೆ ತರುವುದೂ ತಪ್ಪು. ಅದರ ಜೊತೆ ಹುಳ, ಮರದ ರೋಗ ಬರುತ್ತವೆ. ಈ ಬೆಟ್ಟಗಳಲ್ಲಿ ಓಕ್ ಮರಗಳು ಅಂಥದ್ದೇ ಒಂದು ರೋಗದಿಂದ ಸಾಯುತ್ತಿವೆ. ಪಾರ್ಕಿನಲ್ಲೇ ಕಟ್ಟು ಕೊಳ್ಳಿ. ಒಣಗಾಲ ಹೆಚ್ಚಾದರೆ ಬೆಂಕಿಯನ್ನೇ ನಿಲ್ಲಿಸಿಬಿಡುತ್ತಾರೆ, ಗ್ಯಾಸ್ ಒಲೆ ಮಾತ್ರ. 2020ರ ಆಗಸ್ಟಿನಲ್ಲಿ ಸಿಡಿಲಿನಿಂದ ಎದ್ದ ಕಾಳ್ಗಿಚ್ಚು ಬಿಗ್ ಬೇಸಿನ್ನಿನ ಹೆಚ್ಚುಕಡಿಮೆ ಇಡೀ ಪಾರ್ಕನ್ನೇ ಸುಟ್ಟಿತ್ತು. ಅದನ್ನು ನೋಡಿದವರು ಬೇಡ ಅಂದಾಗ ವಾದ ಮಾಡಬೇಡಿ. ಆರಿಸುವಾಗ ನೀರು ಸುರಿದು, ಕೋಲಿನಿಂದ ಕಲಕಿ, ಮತ್ತೆ ಸುರಿದು, ಹಿಂಗೈಯನ್ನು ಹತ್ತಿರ ಹಿಡಿದು ನೋಡುತ್ತೇನೆ. ಬಚ್ಚಲ ಒಲೆ ಆರಿಸಿದ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂತು.

ಹಗಲು ಮಾಡಲು ಏನಿದೆ ಅಂತ ಕೇಳುತ್ತಾರೆ. ನಡೆಯುವುದು, ಅಷ್ಟೇ. ಹಳೇ ಮರದವರೆಗಿನ ಚಿಕ್ಕ ದಾರಿ ಅಮ್ಮನೂ ನಡೆದರು. ದಾರಿಯಲ್ಲಿ ಕಡಿದ ಬೊಡ್ಡೆಗಳ ಸುತ್ತ ಮರಗಳು ಉಂಗುರದ ಹಾಗೆ ನಿಂತಿವೆ. ತಾಯಿಮರ ಹೋದ ಮೇಲೆ ಬುಡದಿಂದ ಚಿಗುರಿದವು. ಟಿಪ್‌ಟೋ ಫಾಲ್ಸ್ ಅಂತ ಒಂದು ಜಲಪಾತವೂ ಇದೆ. ನಾವು ಸಾಗರ ತಾಲ್ಲೂಕಿನ ಕಡೆಯವರು, ಜೋಗದ 253 ಮೀಟರ್ ನೋಡಿ ಬೆಳೆದವರು. ಇದು ಆಳೆತ್ತರ. ಯಾರೂ ನಗಲಿಲ್ಲ, ಆದರೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮರಗಳ ಬುಡದಲ್ಲಿ ಮೂರೆಸಳಿನ ಹಸಿರು ಹಾಸಿಕೊಂಡಿತ್ತು. ಅಮ್ಮ ಬಗ್ಗಿ ನೋಡಿ 'ಪುಲ್ಲಂಪುರ್ಚಿ!' ಅಂದರು. ನಿಜ, ಅದೇ ಜಾತಿ, ಎಲೆ ಮಾತ್ರ ನಾಲ್ಕು ಪಟ್ಟು ದೊಡ್ಡದು. ರೆಡ್‌ವುಡ್ ಸೋರೆಲ್ ಅನ್ನುತ್ತಾರೆ. ತಂಬುಳಿಗೆ ಒಂದು ಹಿಡಿ ಕೀಳಲೇ ಅಂದರು. ಪಾರ್ಕಿನಲ್ಲಿ ಗಿಡ ಕೀಳುವ ಹಾಗಿಲ್ಲ. ಜೊತೆಗೆ ಪಾಯಿಸನ್ ಓಕ್ ಕೂಡ ಮೂರೆಲೆಯದ್ದೇ. ಮುಟ್ಟಿದರೆ ವಾರಗಟ್ಟಲೆ ತುರಿಕೆ. ಎರಡನ್ನೂ ಪಕ್ಕಪಕ್ಕ ತೋರಿಸಿ ಮಕ್ಕಳಿಗೆ ವ್ಯತ್ಯಾಸ ಹೇಳಿಕೊಟ್ಟೆ. ಒಂದು ಹೃದಯದಾಕಾರದ ಎಸಳು, ನೆಲಕ್ಕೆ ಅಂಟಿದ್ದು. ಇನ್ನೊಂದು ಪೊದೆ ಅಥವಾ ಬಳ್ಳಿ, ಎಲೆ ಹೊಳೆಯುತ್ತದೆ. ಅಮ್ಮನಿಗೆ ತಂಬುಳಿ ತಪ್ಪಿದ ಬೇಜಾರು ಮನೆ ಮುಟ್ಟುವವರೆಗೂ ಇತ್ತು. ಇಂಬಳ ಇಲ್ಲದ ಕಾಡು ಅಂತ ಮಾತ್ರ ಎಲ್ಲರಿಗೂ ಹೊಗಳಿ ಹೇಳಿದರು.

ಕಳೆದ ಸಲ ಬೆಳಿಗ್ಗೆ 5ಕ್ಕೇ ಎದ್ದು ಸ್ಟೂಲಿನ ಮೇಲೆ ಕೂತೆ. ಮರ್ರೆಲೆಟ್ ಬೆಳಕು ಹರಿಯುವ ಮುಂಚೆ ಸಮುದ್ರದಿಂದ ಹಾರಿ ಬರುತ್ತದೆ, 'ಕೀರ್ ಕೀರ್' ಅನ್ನುತ್ತದೆ ಅಂತ ಕೇಳಿದ್ದೆ. ಮುಕ್ಕಾಲು ಗಂಟೆ ಕೂತೆ. ಹನಿಯ ಸದ್ದು. ದೂರದಲ್ಲಿ ಯಾರದೋ ಗೊರಕೆ. ಕೊನೆಗೆ ಒಂದು ನೀಲಿ ಜೇ ನಮ್ಮ ಮೇಜಿಗೆ ಬಂದು ಈ ತುದಿಯಿಂದ ಆ ತುದಿಗೆ ನಡೆದು, ಕೆಳಗೆ ಇಣುಕಿ, ಏನೂ ಸಿಗದೆ ಪಕ್ಕದ ಸೈಟಿಗೆ ಹೋಯಿತು.